ಸಂತ ಅಗಸ್ಟೀನನ ‘ಪಾಪನಿವೇದನೆ’ಯಲ್ಲಿ ಪುರುಷತ್ವದ ವಿಚಾರ

ಗಂಡಸೆನ್ನಿಸಿಕೊಳ್ಳುವುದಕ್ಕೆ ಲೋಕವು ಇಟ್ಟುಕೊಂಡಿರುವ ಅಳತೆಗೋಲುಗಳು ಹಲವು. ಮೀಸೆ ಮೂಡುವುದು ಒಂದು. ನಾಲ್ಕು ಜನ ಮೆಚ್ಚುವಂತೆ ಸಂಪಾದಿಸುವುದು ಇನ್ನೊಂದು. ಒಳ್ಳೆಯ ಮನೆತನದಿಂದ ಹೆಣ್ಣು ತರುವುದು ಮತ್ತೊಂದು. ದುಃಖ ಬಂದಾಗ ಕಣ್ಣೀರಿಡದಿರುವುದು ಮಗುದೊಂದು. ಈ ಅಳತೆಗಳನ್ನೆಲ್ಲ ತನ್ನ ಬಾಳಿನಲ್ಲಿಯೇ ಒಂದೊಂದಾಗಿ ಪರೀಕ್ಷಿಸಿ, ಅವು ಸಾಲವೆಂದು ಕಂಡುಕೊಂಡು, ಆ ಶೋಧನೆಯ ಕಥೆಯನ್ನು ಬರೆದಿಟ್ಟವನು ಸಂತ ಅಗಸ್ಟೀನನು. ಆತನ ‘ಕನ್‌ಫೆಷನ್ಸ್’ ಎಂಬ ಗ್ರಂಥವು ಸುಮಾರು 397ರಿಂದ 400ರವರೆಗಿನ ಅವಧಿಯಲ್ಲಿ ಲ್ಯಾಟಿನ್ ಭಾಷೆಯಲ್ಲಿ ರಚಿತವಾದುದು. ಅದನ್ನು ‘ಪಾಪನಿವೇದನೆ’ ಎಂದು ಕರೆಯುವುದು ರೂಢಿಗೆ ಒಪ್ಪುವಂತಹದಾದರೂ ಮೂಲ ಶಬ್ದಕ್ಕೆ ಎರಡು ಅರ್ಥಗಳುಂಟು: ತಪ್ಪನ್ನು ಒಪ್ಪಿಕೊಳ್ಳುವುದು ಮತ್ತು ದೇವರನ್ನು ಕೊಂಡಾಡುವುದು. ಹದಿಮೂರು ಭಾಗಗಳ ಈ ಗ್ರಂಥವು ಮೊದಲಿನಿಂದ ಕೊನೆಯವರೆಗೆ ದೇವರನ್ನು ಕುರಿತೇ ಆಡಿದ ಮಾತು. ವಾಚಕನು ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುವವನು ಮಾತ್ರ.

ಇದನ್ನು ಭಕ್ತಿಗ್ರಂಥವೆಂದು ಪೂಜಿಸುವವರಿದ್ದಾರೆ, ಆತ್ಮಚರಿತ್ರೆಯ ಪ್ರಕಾರಕ್ಕೆ ಮೂಲಪುರುಷನೆಂದು ಮನ್ನಿಸುವವರಿದ್ದಾರೆ. ನಾನಿಲ್ಲಿ ಕೈಗೊಂಡಿರುವ ಪ್ರಶ್ನೆ ಇವೆರಡಕ್ಕೂ ಸ್ವಲ್ಪ ಬೇರೆಯಾದುದು. ಮನುಷ್ಯನು ಯಾವಾಗ ಪ್ರಬುದ್ಧನಾಗುತ್ತಾನೆಂದು ಈ ಗ್ರಂಥವು ಹೇಳುತ್ತದೆ? ಅದು ಹೇಳಿದ ಅಳತೆಗೆ ಅದನ್ನು ಬರೆದಾತನು ನಿಲ್ಲುತ್ತಾನೆಯೆ?

ಅಗಸ್ಟೀನನು ಹುಟ್ಟಿದ್ದು 354ರಲ್ಲಿ, ಉತ್ತರ ಆಫ್ರಿಕದ ಥಗಾಸ್ಟೆ ಎಂಬ ಸಣ್ಣ ಊರಿನಲ್ಲಿ. ಅದು ಇಂದಿನ ಅಲ್ಜೀರಿಯಾ ದೇಶದಲ್ಲಿದೆ. ತಂದೆ ಪಟ್ರೀಷಿಯಸನು ಅಲ್ಪಸ್ವಲ್ಪ ಭೂಮಿಯಿದ್ದ ಗೃಹಸ್ಥನು. ಬಹುಕಾಲ ಕ್ರೈಸ್ತನಾಗಿರದೆ ಬಾಳಿನ ಕೊನೆಗಾಲದಲ್ಲಿ ಆ ಧರ್ಮವನ್ನು ಸೇರಿದವನು. ತಾಯಿ ಮೋನಿಕಾ ಮೊದಲಿನಿಂದಲೂ ಕ್ರೈಸ್ತಳು. ಗ್ರಂಥದ ಮೊದಲ ಭಾಗವು ಬಾಲ್ಯವನ್ನೂ ಶಾಲೆಯನ್ನೂ ವರ್ಣಿಸುತ್ತದೆ. ಉಪಾಧ್ಯಾಯ ವೃತ್ತಿಯವರೆಲ್ಲರೂ ಈ ಭಾಗವನ್ನು ಒಮ್ಮೆಯಾದರೂ ಓದತಕ್ಕದ್ದು. ಬಾಲಕ ಅಗಸ್ಟೀನನು ದೇವರಲ್ಲಿ ಮೊದಮೊದಲು ಬೇಡಿಕೊಂಡ ವರವಾವುದು? ಶಾಲೆಯಲ್ಲಿ ತನಗೆ ಪೆಟ್ಟು ಬೀಳದಿರಲಿ ಎಂಬುದು. ಆ ಪೆಟ್ಟುಗಳನ್ನು ಕಂಡು ಹಿರಿಯರು, ಹೆತ್ತವರೂ ಸಹ, ನಗುತ್ತಿದ್ದರು. ತಾಯ್ನುಡಿಯಂತಿದ್ದ ಲ್ಯಾಟಿನನ್ನು ದಾದಿಯರ ಮುದ್ದಿನ ನಡುವೆ ಹೆದರಿಕೆಯಿಲ್ಲದೆ ಕಲಿತವನಿಗೆ, ಬೆತ್ತದ ಭಯದಲ್ಲಿ ಕಲಿಸಿದ ಗ್ರೀಕು ಕಹಿಯಾಯಿತು. ಮನೆಯಲ್ಲೊಂದು ನುಡಿ, ಶಾಲೆಯಲ್ಲೊಂದು ನುಡಿ ಎಂಬ ಸ್ಥಿತಿಯನ್ನು ಬಲ್ಲ ನಮ್ಮಂತಹ ಗಡಿನಾಡಿನವರಿಗೆ ಇದಕ್ಕೆ ವ್ಯಾಖ್ಯಾನ ಬೇಕಾಗದು.

ಆದರೆ ಈ ಭಾಗದ ತಿರುಳು ಬೇರೊಂದು ಮಾತಿನಲ್ಲಿದೆ. ಮಕ್ಕಳು ಚೆಂಡಾಡಿದರೆ ಹಿರಿಯರು ದಂಡಿಸುತ್ತಾರೆ. ಆದರೆ ಆ ಹಿರಿಯರೂ ಆಡುತ್ತಲೇ ಇರುತ್ತಾರೆ, ತಮ್ಮ ಆಟಕ್ಕೆ ಅವರು ‘ಕಾರ್ಯಭಾರ’ ಎಂದು ಹೆಸರಿಟ್ಟುಕೊಂಡಿದ್ದಾರೆ ಎಂಬ ಅರ್ಥದಲ್ಲಿ ಅಗಸ್ಟೀನನು ಬರೆಯುತ್ತಾನೆ. ಚೆಂಡಾಟದಲ್ಲಿ ಸೋತ ಹುಡುಗನಿಗಿಂತ, ಕ್ಷುಲ್ಲಕವಾದೊಂದು ಚರ್ಚೆಯಲ್ಲಿ ಸಹೋದ್ಯೋಗಿಗೆ ಸೋತ ಉಪಾಧ್ಯಾಯನು ಹೆಚ್ಚು ಹೊಟ್ಟೆಕಿಚ್ಚು ಪಡುತ್ತಿದ್ದನಂತೆ! ವಯಸ್ಸಿನಿಂದ ಪ್ರಬುದ್ಧತೆ ಬರುವುದೆಂಬ ನಂಬಿಕೆಯ ಬುಡವನ್ನೇ ಈ ಮಾತು ಅಲುಗಾಡಿಸುತ್ತದೆ. ದೇಹ ಬೆಳೆದಂತೆ ಆಟದ ಸಾಮಾನುಗಳು ಬದಲಾಗುತ್ತವೆ: ಕಾಯಿ, ಚೆಂಡು, ಗುಬ್ಬಚ್ಚಿಗಳ ಸ್ಥಾನಕ್ಕೆ ಹಣ, ಜಮೀನು, ಆಳುಗಳು ಬರುತ್ತವೆ. ಆಡುವ ಮನಸ್ಸು ಮಾತ್ರ ಅದೇ.

ಎರಡನೆಯ ಭಾಗದಲ್ಲಿ ಹದಿನಾರರ ಹರೆಯ. ಮಗನನ್ನು ಕಾರ್ಥೇಜಿಗೆ ಕಳುಹಿಸಿ ಓದಿಸಲು ತಂದೆಯು ಹಣ ಕೂಡಿಸುತ್ತಿದ್ದ ಆ ವರ್ಷ ಹುಡುಗನಿಗೆ ಕೆಲಸವಿಲ್ಲ. ಒಂದು ದಿನ ಸ್ನಾನಗೃಹದಲ್ಲಿ ಮಗನ ಮೈಯಲ್ಲಿ ಯೌವನದ ಲಕ್ಷಣಗಳನ್ನು ಕಂಡ ತಂದೆಯು, ಮೊಮ್ಮಕ್ಕಳನ್ನು ಆಗಲೇ ಎತ್ತಿಕೊಂಡವನಂತೆ ಹಿಗ್ಗಿ ಹೆಂಡತಿಗೆ ಸುದ್ದಿ ಹೇಳುತ್ತಾನೆ. ತಾಯಿಯು ಮಗನು ದಾರಿ ತಪ್ಪಿಯಾನೆಂದು ನಡುಗುತ್ತಾಳೆ. ಒಂದೇ ದೇಹವನ್ನು ಇಬ್ಬರು ಎರಡು ಬಗೆಯಾಗಿ ಓದಿದರು. ಮೀಸೆ ಬಂದಾಗ ದೇಶ ಕಾಣದು ಎಂಬ ನಮ್ಮ ಗಾದೆಯು ತಾಯಿಯ ಪಕ್ಷದ್ದು. ಲೋಕವು ಸಾಮಾನ್ಯವಾಗಿ ತಂದೆಯ ಪಕ್ಷ.

ಅದೇ ವರ್ಷದ ಇನ್ನೊಂದು ಘಟನೆ ಪ್ರಸಿದ್ಧವಾದುದು. ಗೆಳೆಯರ ಗುಂಪು ರಾತ್ರಿಯಲ್ಲಿ ನೆರೆಯ ತೋಟಕ್ಕೆ ನುಗ್ಗಿ ಪೇರ್ ಹಣ್ಣುಗಳನ್ನು (ನಮ್ಮ ಕಡೆಯ ಪೇರಳೆಯಲ್ಲ, ಸೇಬಿನ ಕುಲದ ಹಣ್ಣು) ಕದ್ದು, ಬಹುಪಾಲನ್ನು ಹಂದಿಗಳಿಗೆ ಎಸೆಯಿತು. ಹಸಿವಿರಲಿಲ್ಲ, ಹಣ್ಣೂ ಅಂತಹ ರುಚಿಯದಾಗಿರಲಿಲ್ಲ. ಮತ್ತೇಕೆ ಕದ್ದದ್ದು? ಈ ಪ್ರಶ್ನೆಯನ್ನು ಹಿಡಿದು ಅಗಸ್ಟೀನನು ಹಲವು ಅಧ್ಯಾಯಗಳನ್ನು ಬರೆಯುತ್ತಾನೆ. ಕೊನೆಗೆ ಕಂಡುಕೊಳ್ಳುವುದೇನೆಂದರೆ, ಒಬ್ಬನೇ ಆಗಿದ್ದರೆ ತಾನು ಆ ಕೆಲಸವನ್ನು ಮಾಡುತ್ತಿರಲಿಲ್ಲ. ಎಲ್ಲರೂ ಹೊರಟಾಗ ಹಿಂದೆ ಸರಿಯುವುದಕ್ಕೆ ನಾಚಿಕೆಯಾಯಿತು, ನಾಚಿಕೆಯಿಲ್ಲದಿರುವುದೇ ಗೌರವವಾಯಿತು. ಇಷ್ಟು ಸಣ್ಣ ಕಳವಿಗೆ ಇಷ್ಟು ದೊಡ್ಡ ವಿಚಾರಣೆಯೇ ಎಂದು ಮೂಗುಮುರಿಯುವ ವಿಮರ್ಶಕರುಂಟು. ನನಗೆ ಅದು ಒಪ್ಪಿಗೆಯಾಗದು. ಗುಂಪಿನ ಮೆಚ್ಚುಗೆಗಾಗಿ ಕೆಡುವ ಹುಡುಗರನ್ನು ದಿನವೂ ಕಾಣುವವನಿಗೆ ಇದಕ್ಕಿಂತ ಸೂಕ್ಷ್ಮವಾದ ವಿಶ್ಲೇಷಣೆ ದೊರೆಯುವುದು ದುರ್ಲಭ. ಗೆಳೆಯರ ಎದುರಿನಲ್ಲಿ ತೋರಿಸುವ ಗಂಡಸುತನವು ಹೆಚ್ಚಾಗಿ ಒಬ್ಬಂಟಿಯಾಗಿ ನಿಲ್ಲಲಾರದ ಹೇಡಿತನವೇ ಆಗಿರುತ್ತದೆ.

ಮುಂದಿನ ಹಾದಿಯನ್ನು ಸಂಕ್ಷೇಪವಾಗಿ ಹೇಳಬಹುದು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಸಿಸೆರೊ ಪಂಡಿತನ, ಈಗ ಬಹುತೇಕ ನಷ್ಟವಾಗಿರುವ ‘ಹೋರ್ಟೆನ್ಸಿಯಸ್’ ಗ್ರಂಥವನ್ನೋದಿ ಆತನಿಗೆ ಜ್ಞಾನದ ಹಂಬಲ ಹುಟ್ಟಿತು. ಸುಮಾರು ಒಂಬತ್ತು ವರ್ಷ ಮಾನಿಯ ಪಂಥದಲ್ಲಿದ್ದನು. ಭಾಷಣಕಲೆಯ ಅಧ್ಯಾಪಕನಾಗಿ ಕಾರ್ಥೇಜಿನಿಂದ ರೋಮಿಗೂ, 384ರಲ್ಲಿ ಚಕ್ರವರ್ತಿಯ ಆಸ್ಥಾನವಿದ್ದ ಮಿಲಾನಿಗೂ ಏರಿದನು. ಲೋಕದ ಎರಡನೆಯ ಅಳತೆಯೂ ಕೈಗೆ ಬಂದಂತಾಯಿತು. ಆಗಲೇ ಚಕ್ರವರ್ತಿಯ ಸ್ತುತಿಭಾಷಣವನ್ನು ಸಿದ್ಧಪಡಿಸಿಕೊಳ್ಳುತ್ತ, ಅದರಲ್ಲಿ ಹೇಳಬೇಕಾದ ಸುಳ್ಳುಗಳ ಭಾರದಿಂದ ಕುಗ್ಗಿ ನಡೆಯುತ್ತಿದ್ದವನ ಕಣ್ಣಿಗೆ, ಕುಡಿದು ನಗುತ್ತಿದ್ದ ಭಿಕ್ಷುಕನೊಬ್ಬನು ಬಿದ್ದನು. ತಾನು ವರ್ಷಗಟ್ಟಲೆ ಬೆವರು ಸುರಿಸಿ ಅರಸುತ್ತಿರುವ ಸಂತೋಷವನ್ನು ಈತನು ನಾಲ್ಕು ಕಾಸಿಗೆ ಪಡೆದನಲ್ಲ ಎಂದು ಆತನಿಗೆ ಅನಿಸಿತು. ಭಿಕ್ಷುಕನ ಸಂತೋಷವು ನಿಜವಾದುದೆಂದು ಅಗಸ್ಟೀನನು ಹೇಳುವುದಿಲ್ಲ. ತನ್ನದು ಅದಕ್ಕಿಂತಲೂ ಪೊಳ್ಳೆಂದು ಹೇಳುತ್ತಾನೆ. ಬಾಳಿಗೆ ಗುರಿಯಾವುದೆಂಬ ಪ್ರಶ್ನೆಯನ್ನು ಯಾವ ತಾತ್ತ್ವಿಕ ವಾದಕ್ಕಿಂತಲೂ ಹೆಚ್ಚು ಮೊನೆಯಾಗಿ ಈ ಬೀದಿಯ ನೋಟವು ನಮ್ಮ ಮುಂದಿಡುತ್ತದೆ.

386ರಲ್ಲಿ ಮಿಲಾನಿನ ತೋಟವೊಂದರಲ್ಲಿ ನಡೆದ ಪರಿವರ್ತನೆಯ ಪ್ರಸಂಗವು ಗ್ರಂಥದ ಶಿಖರ. ಶೀಲವು ಬೇಕು, ಆದರೆ ಬೇಗನೆ ಬಾರದಿರಲಿ ಎಂದು ಯೌವನದಲ್ಲಿ ಬೇಡಿಕೊಂಡವನು, ಮೂವತ್ತು ದಾಟಿದರೂ ಅದೇ ಕೆಸರಿನಲ್ಲಿದ್ದವನು, ಅಲ್ಲಿ ಕುಳಿತು ಅಳುತ್ತಿದ್ದಾಗ ನೆರೆಮನೆಯಿಂದ ಮಗುವಿನ ದನಿಯೊಂದು ಓದೆಂದು ಮತ್ತೆ ಮತ್ತೆ ಹೇಳುವುದು ಕೇಳಿಸಿತು. ಮಕ್ಕಳು ಹೀಗೆ ಹಾಡಿಕೊಳ್ಳುವ ಆಟವೇನಾದರೂ ಉಂಟೇ ಎಂದು ಆತನು ಒಂದು ಗಳಿಗೆ ಯೋಚಿಸಿದ್ದನ್ನೂ ಬರೆದಿದ್ದಾನೆ. ಪೌಲನ ಪತ್ರಿಕೆಯನ್ನು ತೆರೆದು ಓದಿದನು, ನಿರ್ಧಾರವಾಯಿತು. ಹಿರಿಯರ ಕಾರ್ಯಭಾರವೆಲ್ಲ ಆಟವೆಂದು ಮೊದಲ ಭಾಗದಲ್ಲಿ ಹೇಳಿದ ಗ್ರಂಥವು, ಇಲ್ಲಿ ಮಕ್ಕಳ ಆಟದಂತಿದ್ದ ದನಿಗೆ ಕಿವಿಗೊಟ್ಟವನು ದೊಡ್ಡವನಾದುದನ್ನು ತೋರಿಸುತ್ತದೆ. ಈ ಅನ್ವಯವನ್ನು ಲೇಖಕನು ಬಾಯಿಬಿಟ್ಟು ಹೇಳದಿದ್ದರೂ ಗ್ರಂಥದ ಕಟ್ಟಡದಲ್ಲಿಯೇ ಅದು ಅಡಗಿದೆ.

ಒಂಬತ್ತನೆಯ ಭಾಗದಲ್ಲಿ ತಾಯಿಯ ಮರಣ. 387ರಲ್ಲಿ ದೀಕ್ಷಾಸ್ನಾನ ಪಡೆದು ಆಫ್ರಿಕಕ್ಕೆ ಹಿಂದಿರುಗುವ ಹಾದಿಯಲ್ಲಿ, ಓಸ್ಟಿಯಾ ಬಂದರಿನಲ್ಲಿ, ಮೋನಿಕಾ ತೀರಿಕೊಂಡಳು. ಮಗನು ಕಣ್ಣು ಮುಚ್ಚಿಸಿದನು. ಮೊಮ್ಮಗನು ಗೊಳೋ ಎಂದು ಅತ್ತಾಗ ಸುತ್ತಲಿದ್ದವರು ಸುಮ್ಮನಿರಿಸಿದರು. ಅಗಸ್ಟೀನನು ಇಡೀ ದಿನ ಕಣ್ಣೀರನ್ನು ಬಿಗಿಹಿಡಿದು, ನೋಡಿದವರು ಈತನಿಗೆ ದುಃಖವೇ ಇಲ್ಲವೆಂದುಕೊಳ್ಳುವಂತೆ ನಡೆದುಕೊಂಡನು. ಮರುದಿನ ನಿದ್ದೆ ತಿಳಿದೆದ್ದಾಗ ಏಕಾಂತದಲ್ಲಿ ಕಟ್ಟೆಯೊಡೆಯಿತು. ತನಗಾಗಿ ಅಷ್ಟು ವರ್ಷ ಅತ್ತ ತಾಯಿಗಾಗಿ ತಾನು ಒಂದು ಗಳಿಗೆ ಅತ್ತುದನ್ನು ಯಾರಾದರೂ ಹಳಿಯುವುದಾದರೆ ಹಳಿಯಲಿ, ಆದರೆ ನಗದಿರಲಿ ಎಂದು ಬೇಡುತ್ತಾನೆ. ಅಳದಿರುವುದೇ ಗಂಡಸುತನವೆಂಬ ಅಳತೆಯೂ ಇಲ್ಲಿ ಮುರಿದು ಬೀಳುತ್ತದೆ.

ಹಾಗಾದರೆ ಉಳಿಯುವ ಅಳತೆ ಯಾವುದು? ನನಗೆ ಕಾಣುವಂತೆ, ತಾನು ಮಾಡಿದ್ದಕ್ಕೆ ತಾನೇ ಉತ್ತರ ಕೊಡುವುದು. ತಪ್ಪನ್ನು ವಿಧಿಯ ಮೇಲೆ, ಗ್ರಹಗಳ ಮೇಲೆ, ತನ್ನೊಳಗಿನ ಇನ್ನೊಂದು ಶಕ್ತಿಯ ಮೇಲೆ ಹೊರಿಸಬಹುದಾದ ವಾದಗಳನ್ನು ಅಗಸ್ಟೀನನು ಒಂದು ಕಾಲದಲ್ಲಿ ಅಪ್ಪಿಕೊಂಡಿದ್ದನು. ಅವುಗಳನ್ನೆಲ್ಲ ಬಿಟ್ಟು, ಮಾಡಿದವನು ನಾನೇ ಎಂದು ನಿಲ್ಲುವುದೇ ಆತನ ಬೆಳವಣಿಗೆ. ಕ್ರೈಸ್ತ ವಿಚಾರದಲ್ಲಿ ಗುರಿಯ ಅರಿವಿಗಿಂತ ಮೊದಲು ತಪ್ಪೊಪ್ಪಿಗೆ ಬರುವುದು ಇದಕ್ಕಾಗಿಯೇ ಇರಬೇಕು. ಹಿಂದನ್ನು ಹೊರಲಾರದವನು ಮುಂದಕ್ಕೆ ನಡೆಯಲಾರನು.

ಈ ಅಳತೆಯನ್ನೇ ಹಿಡಿದು ಆರನೆಯ ಭಾಗದ ಒಂದು ಪ್ರಸಂಗದ ಮುಂದೆ ನಿಂತಾಗ ಮನಸ್ಸು ಕಸಿವಿಸಿಗೊಳ್ಳುತ್ತದೆ. ಕಾರ್ಥೇಜಿನ ವಿದ್ಯಾರ್ಥಿದೆಸೆಯಿಂದ ಮಿಲಾನಿನವರೆಗೆ, ಹೆಚ್ಚುಕಡಿಮೆ ಹದಿನೈದು ವರ್ಷ, ಒಬ್ಬ ಸ್ತ್ರೀಯು ಅಗಸ್ಟೀನನೊಡನೆ ಬಾಳಿದಳು. ಅದು ಶಾಸ್ತ್ರೋಕ್ತ ವಿವಾಹವಲ್ಲ. ಆದರೆ ಆತನು ಆಕೆಯೊಬ್ಬಳಿಗೇ ನಿಷ್ಠನಾಗಿದ್ದನು. ಅಡಿಯೋಡೇಟಸನೆಂಬ ಮಗನೂ ಹುಟ್ಟಿದನು. ಉದ್ಯೋಗ ಏರಿದಾಗ ಅಂತಸ್ತಿಗೆ ತಕ್ಕ ಮದುವೆ ನಿಶ್ಚಯವಾಯಿತು. ಆ ಮದುವೆಗೆ ಅಡ್ಡಿಯೆಂದು ಈಕೆಯನ್ನು ಆಫ್ರಿಕಕ್ಕೆ ಹಿಂದಕ್ಕೆ ಕಳುಹಿಸಲಾಯಿತು. ನಿಶ್ಚಯವಾದ ಹುಡುಗಿಯು ಮದುವೆಯ ವಯಸ್ಸಿಗೆ ಇನ್ನೂ ಎರಡು ವರ್ಷ ಚಿಕ್ಕವಳು. ಆ ಎರಡು ವರ್ಷವನ್ನೂ ಕಾಯಲಾರದೆ ಈತನು ಬೇರೊಬ್ಬಳನ್ನು ಇರಿಸಿಕೊಂಡನು. ಹೋದವಳಾದರೋ ಮಗನನ್ನು ತಂದೆಯ ಬಳಿ ಬಿಟ್ಟು, ಇನ್ನಾವ ಪುರುಷನನ್ನೂ ಅರಿಯೆನೆಂದು ವ್ರತ ತೊಟ್ಟು ಹೋದಳು.

ತನ್ನ ಹೃದಯವು ಸೀಳಿ ರಕ್ತ ಸುರಿಯಿತೆಂದು ಅಗಸ್ಟೀನನು ಒಪ್ಪುತ್ತಾನೆ. ಆ ಹೆಣ್ಣನ್ನು ಅನುಸರಿಸುವ ಶಕ್ತಿ ತನಗಿರಲಿಲ್ಲವೆಂದೂ ಒಪ್ಪುತ್ತಾನೆ. ಅಂದರೆ ಆ ಗಳಿಗೆಯಲ್ಲಿ ದೃಢತೆ ಇದ್ದುದು ಯಾರಲ್ಲೆಂಬುದನ್ನು ಆತನು ಮುಚ್ಚಿಡಲಿಲ್ಲ. ಆದರೆ ಪೇರ್ ಹಣ್ಣುಗಳಿಗೆ ಅಧ್ಯಾಯಗಳು, ಈಕೆಯ ಅಗಲಿಕೆಗೆ ಕೆಲವೇ ಸಾಲುಗಳು! ಹೆಸರನ್ನು ಹೇಳಿಲ್ಲವೆಂಬುದನ್ನು ನಾನು ದೊಡ್ಡ ಆಕ್ಷೇಪವಾಗಿ ಎತ್ತುವುದಿಲ್ಲ. ಹೆತ್ತ ತಾಯಿಯ ಹೆಸರೂ ಇಡೀ ಗ್ರಂಥದಲ್ಲಿ ಬರುವುದು ಒಮ್ಮೆ ಮಾತ್ರ. ಯೌವನದಲ್ಲಿ ಸತ್ತ ಪ್ರಾಣಸ್ನೇಹಿತನಿಗೂ ಅಲ್ಲಿ ಹೆಸರಿಲ್ಲ. ನನ್ನ ಆಕ್ಷೇಪ ಇಷ್ಟೇ: ಗಾಯವನ್ನು ಹೇಳುವಾಗ ಆತನು ತನ್ನ ಗಾಯವನ್ನು ಹೇಳಿದನು; ಆಕೆಯ ಗಾಯವನ್ನು ಕೇಳಲಿಲ್ಲ. ಗ್ರಂಥವನ್ನು ಬರೆಯುವಾಗ ಆತನು ಹಿಪ್ಪೊ ಪಟ್ಟಣದ ಬಿಷಪ್ಪನು. ಆಕೆಯು ಹಿಂದಿರುಗಿದ್ದ ಆಫ್ರಿಕದಲ್ಲಿಯೇ ಕುಳಿತು ಬರೆಯುತ್ತಿದ್ದನು. ಆಕೆ ಏನಾದಳೆಂಬ ಒಂದು ಮಾತಿಗೂ ಅಲ್ಲಿ ಎಡೆಯಿಲ್ಲ. ಆ ಕಾಲದ ರೋಮನ್ ಸಮಾಜದಲ್ಲಿ ಇಂತಹುದು ನಡೆಯುತ್ತಿತ್ತೆಂಬ ಸಮಾಧಾನ ಸಾಲದು. ಕಾಲದ ರೂಢಿಗೆ ತಲೆಬಾಗಲೊಲ್ಲದೆಂಬುದೇ ಈ ಗ್ರಂಥದ ಹಿರಿಮೆಯಲ್ಲವೆ?

ಆದರೂ ವಿಮರ್ಶಕನು ಇಲ್ಲಿಗೇ ತೀರ್ಪು ಬರೆದು ಲೇಖನಿಯನ್ನು ಕೆಳಗಿಡುವಂತಿಲ್ಲ. ಸುಮಾರು 401ರಲ್ಲಿ ಅಗಸ್ಟೀನನು ವಿವಾಹದ ಒಳಿತನ್ನು ಕುರಿತು ಇನ್ನೊಂದು ಪುಸ್ತಕವನ್ನು ಬರೆದನು. ಅದರಲ್ಲಿ ಒಂದು ಪ್ರಶ್ನೆ ಬರುತ್ತದೆ. ಸ್ಥಾನಮಾನಕ್ಕೋ ಸಂಪತ್ತಿಗೋ ತಕ್ಕವಳು ದೊರೆಯುವವರೆಗೆ ಒಬ್ಬಳೊಡನೆ ಬಾಳಿ, ಆಮೇಲೆ ಆಕೆಯನ್ನು ಬಿಡುವ ಪುರುಷನನ್ನು ಏನೆನ್ನಬೇಕು? ಅಂತಹವನು ಮನಸ್ಸಿನಲ್ಲಿ ವ್ಯಭಿಚಾರಿ, ಅದೂ ಮುಂದೆ ಬರುವವಳ ಸಂಬಂಧದಲ್ಲಲ್ಲ, ಈಗ ಜೊತೆಗಿರುವವಳ ಸಂಬಂಧದಲ್ಲಿಯೇ ಎಂದು ಆತನು ತೀರ್ಮಾನಿಸುತ್ತಾನೆ. ಆ ಸ್ತ್ರೀಯು ನಿಷ್ಠಳಾಗಿದ್ದು, ಆತನು ಮದುವೆಯಾದ ಮೇಲೂ ತಾನು ಮದುವೆಯನ್ನು ಬಯಸದೆ ಇದ್ದುಬಿಟ್ಟರೆ ಆಕೆಯನ್ನು ವ್ಯಭಿಚಾರಿಣಿಯೆನ್ನಲು ತನಗೆ ಸುಲಭವಾಗಿ ಬಾಯಿ ಬಾರದೆಂದೂ ಸೇರಿಸುತ್ತಾನೆ. ‘ನಾನು’ ಎಂಬ ಪದ ಅಲ್ಲಿಲ್ಲ. ಆದರೆ ಆರನೆಯ ಭಾಗವನ್ನು ಓದಿದವನಿಗೆ ಆ ಇಬ್ಬರೂ ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲ.

‘ನಾನು’ ಎಂದು ಬರೆದ ಗ್ರಂಥದಲ್ಲಿ ಪೂರ್ತಿಯಾಗಿ ಹೊರಲಾರದ ಹೊಣೆಯನ್ನು, ‘ನಾನು’ ಇಲ್ಲದ ಗ್ರಂಥದಲ್ಲಿ ಆತನು ಹೊತ್ತನೆಂದು ನಾನು ತಿಳಿಯುತ್ತೇನೆ. ಇದನ್ನು ಪೂರ್ಣ ಪ್ರಬುದ್ಧತೆಯೆನ್ನಲು ಬಾರದು, ಅಪ್ರಬುದ್ಧತೆಯೆನ್ನುವುದೂ ಅನ್ಯಾಯ. ‘ಪಾಪನಿವೇದನೆ’ಯ ಹತ್ತನೆಯ ಭಾಗದಲ್ಲಿ, ಬಿಷಪ್ಪನಾದ ಮೇಲೂ ತನ್ನನ್ನು ಕಾಡುವ ದುರ್ಬಲತೆಗಳನ್ನು ಅಗಸ್ಟೀನನು ಒಂದೊಂದಾಗಿ ಪಟ್ಟಿಮಾಡುತ್ತಾನೆ, ಹೊಗಳಿಕೆಯ ಆಸೆಯನ್ನೂ ಅದರಲ್ಲಿ ಸೇರಿಸಿದ್ದಾನೆ. ತೋಟದ ಆ ಒಂದು ದಿನದಿಂದ ಎಲ್ಲವೂ ಮುಗಿಯಿತೆಂದು ಆತನು ಎಲ್ಲಿಯೂ ಹೇಳಿಲ್ಲ. ಗಂಡಸಾಗುವುದು ಒಂದು ದಿನದ ಕೆಲಸವಲ್ಲ, ಸಾಯುವವರೆಗಿನ ಲೆಕ್ಕ ಒಪ್ಪಿಸುವಿಕೆ ಎಂಬುದು ಆ ಭಾಗದಿಂದ ಹೊರಡುವ ಅರ್ಥ.

ನಮ್ಮ ಯುವಕರ ಕೈಗೆ ಈ ಗ್ರಂಥವನ್ನು ಕೊಡಬೇಕೇ ಎಂದು ಕೇಳಿದರೆ ಕೊಡಬೇಕೆಂದೇ ನನ್ನ ಉತ್ತರ, ಅವರು ಯಾವ ಮತದವರೇ ಆಗಿರಲಿ. ಕೊಡುವಾಗ ಸಂತನ ಗೆಲವನ್ನು ಮಾತ್ರ ತೋರಿಸದೆ, ಆರನೆಯ ಭಾಗದ ಆ ಕೆಲವು ಸಾಲುಗಳನ್ನೂ ಬೆರಳಿಟ್ಟು ತೋರಿಸಬೇಕು. ತಾನು ನಡೆದ ದಾರಿಯಲ್ಲಿ ಯಾರನ್ನು ಹಿಂದೆ ಬಿಟ್ಟು ಬಂದೆನೆಂದು ಪ್ರತಿಯೊಬ್ಬ ಗಂಡಸೂ ಕೇಳಿಕೊಳ್ಳಬೇಕಾದ ಪ್ರಶ್ನೆಯು ಅಲ್ಲಿದೆ.