ಪವಿತ್ರ್ ಪ್ರಭಾಕರ್ ಯಾವ ಊರಿನವನು?

2023ರ ಜೂನ್ 1ರಂದು ಭಾರತದಲ್ಲಿ ತೆರೆಕಂಡ 'ಸ್ಪೈಡರ್‌ಮ್ಯಾನ್: ಅಕ್ರಾಸ್ ದ ಸ್ಪೈಡರ್‌ವರ್ಸ್' ಚಿತ್ರದ ಬಗ್ಗೆ ಅಭಿಮಾನಿಗಳ ಜಗಳ ಇನ್ನೂ ಮುಗಿದಿಲ್ಲ. ಮುಗಿಯುವುದಾದರೂ ಹೇಗೆ? ಚಿತ್ರದ ಕಥೆಯೇ ಮುಗಿದಿಲ್ಲವಲ್ಲ. ಎರಡು ಗಂಟೆ ಇಪ್ಪತ್ತು ನಿಮಿಷ ನೋಡಿಸಿಕೊಂಡು, ನಾಯಕ ಮೈಲ್ಸ್ ಮೊರಾಲೆಸ್ ದಾರಿ ತಪ್ಪಿ ಬೇರೊಂದು ಲೋಕದಲ್ಲಿ ಸಿಕ್ಕಿಬಿದ್ದ ಹೊತ್ತಿಗೆ ಸರಿಯಾಗಿ 'ಮುಂದುವರಿಯುವುದು' ಎಂದು ಪರದೆ ಎಳೆದುಬಿಡುತ್ತಾರೆ.

ಕಾಮಿಕ್ಸ್ ಪುಸ್ತಕಗಳಿಂದ ಎತ್ತಿಕೊಂಡ ಈ ಕಥೆ, 2018ರಲ್ಲಿ ಬಂದು ಆಸ್ಕರ್ ಪಡೆದ ಅನಿಮೇಷನ್ ಚಿತ್ರದ ಎರಡನೆಯ ಭಾಗ. ಮೈಲ್ಸ್ ನ್ಯೂಯಾರ್ಕಿನ ಬ್ರೂಕ್ಲಿನ್ ಹುಡುಗ. ತಂದೆ ಕಪ್ಪು ವರ್ಣೀಯ ಪೊಲೀಸ್ ಅಧಿಕಾರಿ, ತಾಯಿ ಪ್ಯೂರ್ಟೊ ರಿಕೊ ಮೂಲದವಳು. 2011ರಲ್ಲಿ ಕಾಮಿಕ್ಸ್‌ನಲ್ಲಿ ಹುಟ್ಟಿದ ಈ ಹುಡುಗನನ್ನು ಸ್ಪೈಡರ್‌ಮ್ಯಾನ್ ಎಂದು ಒಪ್ಪಲಾರದವರು ಆಗಲೂ ಇದ್ದರು. ಈಗ ಎರಡನೆಯ ಭಾಗ ಭಾರತದಲ್ಲಿ ಕನ್ನಡವೂ ಸೇರಿ ಹತ್ತು ಭಾಷೆಗಳಲ್ಲಿ ಬಂತು. ಅದರಲ್ಲಿ ಪವಿತ್ರ್ ಪ್ರಭಾಕರ್ ಎಂಬ ಭಾರತೀಯ ಸ್ಪೈಡರ್‌ಮ್ಯಾನ್ ಕೂಡ ಇದ್ದಾನೆ ಎಂದ ಮೇಲೆ ನಮ್ಮ ಹುಡುಗರ ನಿರೀಕ್ಷೆ ಆಕಾಶಕ್ಕೇರಿದ್ದರಲ್ಲಿ ಆಶ್ಚರ್ಯವಿಲ್ಲ.

ಗುಬ್ಬಿಯಿಂದ ರೈಲಿನಲ್ಲಿ, ಕುಣಿಗಲ್‌ನಿಂದ ಬಸ್ಸಿನಲ್ಲಿ ತುಮಕೂರಿನ ಕಾಲೇಜುಗಳಿಗೆ ಬಂದು ಹೋಗುವ ಹುಡುಗ ಹುಡುಗಿಯರ ಬಳಿ ಈ ಚಿತ್ರದ ಮಾತೆತ್ತಿದಾಗಲೆಲ್ಲ ನಮಗೆ ಒಂದಕ್ಕೊಂದು ಹೊಂದದ ಉತ್ತರಗಳು ಸಿಕ್ಕಿವೆ. ಇಂಥ ಚಿತ್ರ ಹುಟ್ಟಿಯೇ ಇಲ್ಲ ಎನ್ನುವವರಿದ್ದಾರೆ. ಅರ್ಧ ಸಿನಿಮಾಕ್ಕೆ ಪೂರ್ತಿ ದುಡ್ಡು ತೆಗೆದುಕೊಂಡರು ಎನ್ನುವವರಿದ್ದಾರೆ. ಪುಸ್ತಕದಲ್ಲಿ ಇದ್ದಂತೆ ಇಲ್ಲ ಎಂದು ಮುಖ ಸಿಂಡರಿಸುವವರೂ ಇದ್ದಾರೆ.

ಅರ್ಧ ಸಿನಿಮಾದ ದೂರಿನಲ್ಲಿ ನ್ಯಾಯವಿದೆ. 2021ರ ಡಿಸೆಂಬರ್‌ನಲ್ಲಿ ಚಿತ್ರದ ಹೆಸರನ್ನು ಘೋಷಿಸಿದಾಗ ಅದರ ಜೊತೆಗೇ 'ಭಾಗ ಒಂದು' ಎಂದಿತ್ತು. 2022ರಲ್ಲಿ ಅದನ್ನು ತೆಗೆದುಹಾಕಿದರು. ಉಳಿದ ಅರ್ಧವನ್ನು 2024ರ ಮಾರ್ಚ್‌ನಲ್ಲಿ ತೋರಿಸುತ್ತೇವೆ ಎಂದವರು ಅದನ್ನೂ ಮುಂದೂಡಿ, ಕೊನೆಗೆ 2027ರ ಜೂನ್ ಎಂದರು. ಹೈಸ್ಕೂಲಿನಲ್ಲಿ ಮೊದಲರ್ಧ ನೋಡಿದವರು ಎರಡನೆಯ ಅರ್ಧ ನೋಡುವಾಗ ಡಿಗ್ರಿ ಓದುತ್ತಿರುತ್ತಾರೆ. ಇದು ವ್ಯಾಪಾರದ ಜಾಣತನ, ಕಥೆಯ ಅಗತ್ಯವಲ್ಲ. ಈ ಒಂದು ವಿಷಯದಲ್ಲಿ ನಾವು ಅಭಿಮಾನಿಗಳ ಪಕ್ಷ.

ಆದರೆ 'ಪುಸ್ತಕದಲ್ಲಿ ಇದ್ದಂತೆ ಇಲ್ಲ' ಎನ್ನುವ ತಕರಾರನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಏಕೆಂದರೆ ಚಿತ್ರ ನಿಂತಿರುವುದೇ ಈ ಪ್ರಶ್ನೆಯ ಮೇಲೆ. ಕಥೆಯಲ್ಲಿ ಮಿಗೆಲ್ ಒ'ಹಾರಾ ಎಂಬ ಹಿರಿಯ ಸ್ಪೈಡರ್‌ಮ್ಯಾನ್ ಇದ್ದಾನೆ. ಎಲ್ಲ ಲೋಕಗಳ ಸ್ಪೈಡರ್‌ಮ್ಯಾನ್‌ಗಳ ಬಾಳಿನಲ್ಲೂ ಕೆಲವು ಘಟನೆಗಳು ಆಗಲೇಬೇಕು ಎನ್ನುತ್ತಾನೆ ಅವನು. ಅವರಿಗೆ ಹತ್ತಿರದ ಪೊಲೀಸ್ ಕ್ಯಾಪ್ಟನ್ ಒಬ್ಬ ಸಾಯಲೇಬೇಕು. ತಪ್ಪಿಸಿದರೆ ಆ ಲೋಕವೇ ಕುಸಿಯುತ್ತದೆ. ಇದಕ್ಕೆ ಅವರ ಭಾಷೆಯಲ್ಲಿ 'ಕ್ಯಾನನ್' ಎಂದು ಹೆಸರು. ನಮ್ಮಲ್ಲಾದರೆ ಹಣೆಬರಹ ಎನ್ನುತ್ತಿದ್ದೆವು. ಕ್ಯಾಪ್ಟನ್ ಆಗಲಿರುವ ತನ್ನ ಅಪ್ಪನೂ ಹೀಗೆ ಸಾಯಬೇಕು ಎಂದು ತಿಳಿದಾಗ ಮೈಲ್ಸ್ ಒಪ್ಪುವುದಿಲ್ಲ. ನನ್ನ ಕಥೆ ನಾನು ಬರೆದುಕೊಳ್ಳುತ್ತೇನೆ ಎಂದು ಓಡುತ್ತಾನೆ. ನೂರಾರು ಸ್ಪೈಡರ್‌ಮ್ಯಾನ್‌ಗಳು ಅವನನ್ನು ಹಿಡಿಯಲು ಬೆನ್ನಟ್ಟುತ್ತಾರೆ. ಪುಸ್ತಕ ಕೈಯಲ್ಲಿ ಹಿಡಿದು ತಪ್ಪು ಹುಡುಕುವ ಅಭಿಮಾನಿ ಆ ಗುಂಪಿನಲ್ಲಿ ತನ್ನನ್ನು ತಾನೇ ಕಂಡನೋ ಇಲ್ಲವೋ!

ಮೂಲಕ್ಕೆ ಅಂಟಿಕೊಳ್ಳುವ ಪ್ರೇಕ್ಷಕ ತುಮಕೂರು ಸೀಮೆಗೆ ಹೊಸಬನಲ್ಲ. ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಇಂದಿಗೂ 'ಕುರುಕ್ಷೇತ್ರ' ನಾಟಕ ರಾತ್ರಿಯಿಡೀ ನಡೆಯುತ್ತದೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಹಾಡು ಕಲಿಸುತ್ತಾರೆ. ಪಾತ್ರಧಾರಿಗಳೇ ಕೈಯಿಂದ ದುಡ್ಡು ಹಾಕಿ ಸೀನರಿ ತರಿಸುತ್ತಾರೆ. ದುರ್ಯೋಧನ ಕೊನೆಗೆ ತೊಡೆ ಮುರಿದುಕೊಂಡು ಬೀಳುತ್ತಾನೆ ಎಂಬುದು ಚಾಪೆ ಹಾಸಿ ಕೂತ ಮಗುವಿಗೂ ಗೊತ್ತು. ಆದರೂ ಅವನು ಗದೆ ಹೊತ್ತು ಬಂದಾಗ ಬೀಳುವ ಶಿಳ್ಳೆ ಧರ್ಮರಾಯನಿಗೆ ಬೀಳುವುದಿಲ್ಲ. ಒಂದು ಹಾಡು ಬಿಟ್ಟರೆ ಗಲಾಟೆ, ಚೆನ್ನಾಗಿ ಹಾಡಿದರೆ 'ಒನ್ಸ್ ಮೋರ್'. ಕೊನೆ ಮಾತ್ರ ಬದಲಾಗುವಂತಿಲ್ಲ. ಬೆಳಗಿನ ಜಾವಕ್ಕೆ ದುರ್ಯೋಧನ ಬೀಳಲೇಬೇಕು. ಇದೂ ಒಂದು ಕ್ಯಾನನ್ನೇ.

ಹಾಗೆಂದು ನಮ್ಮ ಪ್ರೇಕ್ಷಕ ಬದಲಾವಣೆಯ ಶತ್ರುವಾಗಿದ್ದನೇ? 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯನ್ನು 1917ರಲ್ಲಿ ವಹಿಸಿಕೊಂಡ ವೀರಣ್ಣನವರು ಕುರುಕ್ಷೇತ್ರದ ರಂಗಕ್ಕೆ ನಿಜವಾದ ಆನೆ ಕುದುರೆಗಳನ್ನು ತಂದರು. ಯಾವ ಪುರಾಣದಲ್ಲಿ ಹಾಗೆ ಬರೆದಿದೆ ಎಂದು ಯಾರೂ ಕೇಳಲಿಲ್ಲ. 'ಸದಾರಮೆ'ಯ ಹೆಸರು ನಾಯಕಿಯದು. ಜನ ಮುಗಿಬಿದ್ದದ್ದು ವೀರಣ್ಣನವರ ಕಳ್ಳನನ್ನು ನೋಡಲು. 1935ರಲ್ಲಿ ಅದು ಸಿನಿಮಾ ಆದಾಗಲೂ ಆ ಕಳ್ಳ ಅವರೇ. ಕಥೆಯ ಅಂಚಿನಲ್ಲಿದ್ದ ಒಂದು ಪಾತ್ರವನ್ನು ಹೆಗಲ ಮೇಲೆ ಕೂರಿಸಿಕೊಂಡವನು ಇದೇ ಪ್ರೇಕ್ಷಕ. ಯಾವುದನ್ನು ಬದಲಿಸಬಹುದು, ಯಾವುದನ್ನು ಮುಟ್ಟಬಾರದು ಎಂಬ ವಿವೇಕ ಅವನಿಗಿತ್ತು. ಅದೇ ವಿವೇಕವನ್ನು ಇಟ್ಟುಕೊಂಡು ಪವಿತ್ರ್ ಪ್ರಭಾಕರನ ಕಡೆಗೆ ಬರೋಣ.

ಪವಿತ್ರ್ 2004ರಲ್ಲಿ 'ಸ್ಪೈಡರ್‌ಮ್ಯಾನ್: ಇಂಡಿಯಾ' ಎಂಬ ನಾಲ್ಕು ಸಂಚಿಕೆಗಳ ಕಾಮಿಕ್ಸ್‌ನಲ್ಲಿ ಹುಟ್ಟಿದವನು. ಶರದ್ ದೇವರಾಜನ್, ಸುರೇಶ್ ಸೀತಾರಾಮನ್ ಮತ್ತು ಚಿತ್ರಕಾರ ಜೀವನ್ ಜೆ. ಕಾಂಗ್ ಅವನನ್ನು ರೂಪಿಸಿದರು. ಪುಸ್ತಕದ ಪವಿತ್ರ್ ಹಳ್ಳಿಯ ಬಡ ಹುಡುಗ. ವಿದ್ಯಾರ್ಥಿವೇತನ ಸಿಕ್ಕಿ ಮುಂಬೈನ ದೊಡ್ಡ ಶಾಲೆಗೆ ಬರುತ್ತಾನೆ. ಚೆನ್ನಾಗಿ ಓದುತ್ತಾನೆಂದು, ಹಳ್ಳಿಯ ಬಟ್ಟೆ ತೊಟ್ಟಿದ್ದಾನೆಂದು ಅಲ್ಲಿನ ಹುಡುಗರು ಗೇಲಿ ಮಾಡಿ ಹೊಡೆಯುತ್ತಾರೆ. ಯೋಗಿಯೊಬ್ಬ ಪ್ರತ್ಯಕ್ಷನಾಗಿ ಅವನಿಗೆ ಶಕ್ತಿ ಕೊಡುತ್ತಾನೆ. ಖಳನಾಯಕ ತಾಯಿತದ ಬಲದಿಂದ ರಾಕ್ಷಸನಾಗುತ್ತಾನೆ.

ಚಿತ್ರದಲ್ಲಿ ಇದರ ಬಹುಪಾಲು ಇಲ್ಲ. ಯೋಗಿ ಹೋದದ್ದಕ್ಕೆ ಕೊರಗುವ ಅಭಿಮಾನಿಗಳ ಜೊತೆ ನಾವು ಅಳಲಾರೆವು. ಭಾರತ ಎಂದರೆ ಯೋಗಿ, ಮಂತ್ರ, ರಾಕ್ಷಸ ಎನ್ನುವುದು ಹೊರಗಿನವರ ಕಣ್ಣಿಗೆ ಹಾಕಿದ ಬಣ್ಣ. ಅದು ತೊಳೆದು ಹೋದರೆ ಒಳ್ಳೆಯದೇ. ಚಿತ್ರದ ಪವಿತ್ರ್ ನಗುನಗುತ್ತಾ ಮುಂಬಾಟನ್ ಎಂಬ ನಗರದ ಮೇಲೆ ತೂಗಾಡುತ್ತಾನೆ. ನಮ್ಮ ಸಾಮಾನನ್ನೆಲ್ಲ ಬ್ರಿಟಿಷರು ಕದ್ದ ಕಥೆಯನ್ನು ದಾರಿಹೋಕನಂತೆ ಹೇಳಿ ಮುಂದೆ ಸಾಗುತ್ತಾನೆ. ಮೈಲ್ಸ್ 'ಚಾಯ್ ಟೀ' ಎಂದಾಗ ಅವನನ್ನು ಗದರಿಸುತ್ತಾನೆ. (ಹೊರಗೆ ಟೀ, ಮನೆಯಲ್ಲಿ ಚಾಯ್ ಎನ್ನುವ ತುಮಕೂರಿನ ಉರ್ದು ಮನೆಗಳ ಮಕ್ಕಳಿಗೆ ಈ ನಗೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.) ಮುಂಬಾಟನ್‌ನ ಬಣ್ಣ ರೇಖೆಗಳಿಗೆ 1970ರ ದಶಕದ ಇಂದ್ರಜಾಲ ಕಾಮಿಕ್ಸ್ ಪ್ರೇರಣೆ ಎಂದು ಚಿತ್ರತಂಡದವರೇ ಹೇಳಿದ್ದಾರೆ. 1964ರಲ್ಲಿ ಶುರುವಾಗಿ ಕನ್ನಡದಲ್ಲೂ ಬರುತ್ತಿದ್ದ ಆ ಪುಸ್ತಕಗಳಲ್ಲಿ ಫ್ಯಾಂಟಮ್‌ನನ್ನು, ಆಬಿದ್ ಸುರ್ತಿ ಸೃಷ್ಟಿಸಿದ ಬಹಾದೂರ್‌ನನ್ನು ಓದಿ ಬೆಳೆದ ಅಪ್ಪಂದಿರಿಗೆ ಈ ದೃಶ್ಯಗಳು ಮಕ್ಕಳಿಗಿಂತ ಹೆಚ್ಚು ಹಿತವಾಗಿದ್ದರೆ ಸಹಜವೇ.

ಆದರೆ ಹಳ್ಳಿ ಏಕೆ ಹೋಯಿತು? ನಮ್ಮ ನಿಜವಾದ ಆಕ್ಷೇಪ ಇಲ್ಲಿದೆ. ಬಸ್ಸಿಳಿದು ನಗರದ ಕಾಲೇಜಿನ ಗೇಟು ದಾಟುವಾಗ ತನ್ನ ಚಪ್ಪಲಿಯನ್ನು, ತನ್ನ ಇಂಗ್ಲಿಷನ್ನು, ತನ್ನ ಮಾತಿನ ಧಾಟಿಯನ್ನು ಯಾರಾದರೂ ಗಮನಿಸುತ್ತಿದ್ದಾರೆಯೇ ಎಂದು ಅಳುಕುವ ಹುಡುಗನ ಕಥೆ ಅದು. ಗುಬ್ಬಿ, ಕುಣಿಗಲ್ ತಾಲ್ಲೂಕಿನ ಹುಡುಗನೊಬ್ಬ ಪವಿತ್ರ್‌ನಲ್ಲಿ ತನ್ನನ್ನು ಕಾಣಲು ಸಾಧ್ಯವಿದ್ದದ್ದು ಆ ಒಂದು ಎಳೆಯಿಂದ. ಚಿತ್ರದವರು ಕಚ್ಚೆಯ ಉಡುಪನ್ನು ಉಳಿಸಿಕೊಂಡು, ಆ ಉಡುಪಿಗಾಗಿ ಅವನು ತಿಂದ ಏಟನ್ನು ಬಿಟ್ಟರು. ಮೊದಲು ಅವಮಾನದ ಗುರುತಾಗಿದ್ದದ್ದು ಈಗ ಅಂದದ ವೇಷವಾಯಿತು. ಚಿತ್ರದ ಪವಿತ್ರ್‌ಗೆ ಎಲ್ಲವೂ ಸಲೀಸು, ಕೂದಲು ಸಹ. ಆರು ತಿಂಗಳ ಸ್ಪೈಡರ್‌ಮ್ಯಾನ್‌ಗಿರಿಯಲ್ಲಿ ಅವನು ಕಳೆದುಕೊಂಡದ್ದು ಏನೂ ಇಲ್ಲ. ಅವನ ಗೆಳತಿ ಗಾಯತ್ರಿಯ ತಂದೆ ಇನ್ಸ್‌ಪೆಕ್ಟರ್ ಸಿಂಗ್ ಸಾಯಬೇಕಾದಾಗಲೂ ಕಾಪಾಡುವವನು ಮೈಲ್ಸ್. ಮೈಲ್ಸ್‌ನ ಮನೆಯ ಊಟದ ಮೇಜಿನ ಮೇಲಿರುವ ಬದುಕಿನ ಬಿಗಿಯನ್ನು ಅಷ್ಟು ಸೂಕ್ಷ್ಮವಾಗಿ ಬರೆದವರಿಗೆ ಮುಂಬಾಟನ್‌ನ ಒಂದು ಮನೆಯೊಳಗೂ ಹೋಗಬೇಕು ಎನಿಸಲಿಲ್ಲ. ಭಾರತ ಅವರಿಗೆ ಬೀದಿ, ಟ್ರಾಫಿಕ್, ಬಣ್ಣ. ಮೂಲದಂತೆ ಇಲ್ಲ ಎಂದವರು ಇದನ್ನು ಹಿಡಿದು ಕೇಳಿದ್ದರೆ ಅವರ ಸಿಟ್ಟಿಗೆ ತೂಕ ಬರುತ್ತಿತ್ತು.

ಅಭಿಮಾನಿಗಳು ಕೇಳದೆ ಬಿಟ್ಟ ಇನ್ನೊಂದು ಪ್ರಶ್ನೆಯೂ ಇದೆ. ಚಿತ್ರ ಬಿಡುಗಡೆಯಾದ ತಿಂಗಳಲ್ಲೇ 'ವಲ್ಚರ್' ಪತ್ರಿಕೆಯಲ್ಲಿ ಒಂದು ವರದಿ ಬಂತು. ವಾರದ ಏಳೂ ದಿನ ದುಡಿತ, ಮುಗಿಸಿದ ದೃಶ್ಯಗಳನ್ನು ಮತ್ತೆ ಮತ್ತೆ ತಿದ್ದಿಸುವ ಕಾಟ, ಇದನ್ನು ತಾಳಲಾರದೆ ಸುಮಾರು ನೂರು ಮಂದಿ ಕಲಾವಿದರು ಮಧ್ಯದಲ್ಲೇ ಬಿಟ್ಟುಹೋದರು ಎಂದು ಅಲ್ಲಿ ದುಡಿದವರು ಹೇಳಿದ್ದರು. ನಿರ್ಮಾಪಕಿ ಏಮಿ ಪ್ಯಾಸ್ಕಲ್ ಅವರು ಸಿನಿಮಾ ಮಾಡುವುದೆಂದರೆ ಹೀಗೆಯೇ ಎಂಬ ಧಾಟಿಯಲ್ಲಿ ಸಮರ್ಥಿಸಿಕೊಂಡರು. ಒಂದೊಂದು ಚೌಕಟ್ಟನ್ನೂ ನಿಲ್ಲಿಸಿ ನೋಡಿ, ಮೂಲೆಯಲ್ಲಿ ಯಾವ ಹಳೆಯ ಸ್ಪೈಡರ್‌ಮ್ಯಾನ್ ನಿಂತಿದ್ದಾನೆ ಎಂದು ಪಟ್ಟಿ ಮಾಡುವ ಅಭಿಮಾನಿಗೆ ಆ ಚೌಕಟ್ಟನ್ನು ಬರೆದ ಕೈ ಕಾಣಲಿಲ್ಲ. ವಿಧಿಯನ್ನು ಒಪ್ಪದೆ ಓಡುವ ಹುಡುಗನ ಕಥೆಯನ್ನು, ಬೇರೆ ದಾರಿಯಿಲ್ಲ ಎಂದು ದುಡಿಸಿಕೊಂಡವರು ನಮಗೆ ಹೇಳುತ್ತಿದ್ದಾರೆ.

ಮಿಶ್ರ ಪ್ರತಿಕ್ರಿಯೆ ಎಂಬ ಹೆಸರಿನಲ್ಲಿ ಬರುವುದೆಲ್ಲ ವಿಮರ್ಶೆಯಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. 2022ರಲ್ಲಿ 'ಮಿಸ್ ಮಾರ್ವೆಲ್' ಧಾರಾವಾಹಿ ಬಂದಾಗ ಅದರ ನಾಯಕಿ ಕಮಲಾ ಖಾನ್ ಪಾಕಿಸ್ತಾನಿ ಮೂಲದ ಮುಸ್ಲಿಂ ಹುಡುಗಿ ಎಂಬ ಕಾರಣಕ್ಕೇ ಹತ್ತಕ್ಕೆ ಒಂದು ಅಂಕ ಕೊಟ್ಟು ಓಡಿಹೋದವರ ದಂಡೇ ಇತ್ತು. ಪವಿತ್ರ್ ಬಗ್ಗೆ ಗೊಣಗುವ ನಮ್ಮ ಹುಡುಗರು ಅಂಥವರಲ್ಲ. ಅವರು ಚಿತ್ರ ನೋಡಿದ್ದಾರೆ, ಪ್ರೀತಿಸಿದ್ದಾರೆ, ಅದಕ್ಕೇ ಗೊಣಗುತ್ತಿದ್ದಾರೆ.

ಇನ್ನು ಕನ್ನಡದ ಮಾತು. ದಶಕಗಳ ಕಾಲ ಇಲ್ಲಿ ಡಬ್ಬಿಂಗ್‌ಗೆ ಅಘೋಷಿತ ನಿಷೇಧವಿತ್ತು. ಅದು 2015ರಲ್ಲಿ ಸ್ಪರ್ಧಾ ಆಯೋಗದ ಆದೇಶದ ನಂತರ ಸಡಿಲವಾಯಿತು. ಹೀಗಾಗಿ ಪವಿತ್ರ್ ಕನ್ನಡ ಮಾತಾಡಿದ. ಆದರೆ ನಾವು ಕೇಳಿದವರಲ್ಲಿ ಬಹುಪಾಲು ಮಂದಿ ಅವನನ್ನು ಇಂಗ್ಲಿಷಿನಲ್ಲೋ, ಕ್ರಿಕೆಟಿಗ ಶುಭ್‌ಮನ್ ಗಿಲ್ ದನಿ ಕೊಟ್ಟ ಹಿಂದಿಯಲ್ಲೋ ನೋಡಿದವರು. ಕನ್ನಡದಲ್ಲಿ ಇದೆ ಎಂಬುದೇ ಕೆಲವರಿಗೆ ಗೊತ್ತಿರಲಿಲ್ಲ. ಅಮರ ಚಿತ್ರ ಕಥೆಯ ಮೊದಲ ಪುಸ್ತಕಗಳು 1965ರಲ್ಲಿ ಕನ್ನಡದಲ್ಲೇ ಬಂದವು ಎಂದು ಬೆಂಗಳೂರಿನ ಪುಸ್ತಕ ವ್ಯಾಪಾರಿ ಜಿ.ಕೆ. ಅನಂತರಾಂ ಹೇಳಿದ್ದಾರೆ. ಪವಿತ್ರ್‌ನನ್ನು ಸೃಷ್ಟಿಸಿದ ಬಳಗವೇ 2006ರಲ್ಲಿ ವರ್ಜಿನ್ ಕಾಮಿಕ್ಸ್ ಕಟ್ಟಿ ಬೆಂಗಳೂರಿನಲ್ಲಿ ಸ್ಟುಡಿಯೋ ನಡೆಸಿತು. ಚಿತ್ರ ಬರೆಯುವ ಕೈಗಳು ತುಮಕೂರಿನಿಂದ ಎಪ್ಪತ್ತು ಕಿಲೋಮೀಟರ್ ದೂರದಲ್ಲೇ ಇದ್ದವು. ಅವರು ಬರೆದ ಹಳ್ಳಿಯ ಹುಡುಗ ನ್ಯೂಯಾರ್ಕಿಗೆ ಹೋಗಿ, ಹಳ್ಳಿಯನ್ನು ಕಳೆದುಕೊಂಡು, ಹಾಲಿವುಡ್ಡಿನ ದಾರಿಯಲ್ಲಿ ಕನ್ನಡಕ್ಕೆ ಬಂದ. 2027ರ ಭಾಗದಲ್ಲಿ ಅವನು ಮತ್ತೆ ಕಾಣಿಸಿಕೊಳ್ಳುತ್ತಾನೆ. ಎರಡನೆಯ ಭಾಗದ ಕೊನೆಯಲ್ಲಿ ಮೈಲ್ಸ್‌ನನ್ನು ಹುಡುಕಲು ಹೊರಟ ಗ್ವೆನ್‌ಳ ತಂಡದಲ್ಲಿ ಅವನೂ ಇದ್ದಾನೆ. ಆಗಲಾದರೂ ಅವನ ಮಾಯಾ ಚಿಕ್ಕಮ್ಮನ ಮನೆಯ ಬಾಗಿಲು ತೆರೆಯಲಿ. ಕನ್ನಡದ ಪ್ರತಿ ಯಾವ ಚಿತ್ರಮಂದಿರದಲ್ಲಿ, ಎಷ್ಟು ಗಂಟೆಗೆ ಎಂಬುದನ್ನು ತುಮಕೂರಿನ ಗೋಡೆಗಳ ಮೇಲೂ ಒಂದು ಪೋಸ್ಟರ್ ಹೇಳಲಿ.