ಕನ್ನಡದ ವ್ಯವಹಾರದಲ್ಲಿ ಬೈಬಲಿನ ವ್ಯಕ್ತಿನಾಮಗಳು

ಪರದೇಶದ ಗ್ರಂಥವೊಂದರ ಹೆಸರುಗಳು ಒಂದು ಭಾಷೆಯನ್ನು ಸೇರುವ ಮಾರ್ಗಗಳು ಎರಡು. ಜನರು ಆ ಹೆಸರುಗಳನ್ನು ತಮ್ಮ ಮಕ್ಕಳಿಗೆ ಇಡುವುದು ಮೊದಲನೆಯದು. ಹೆಸರು ಒಂದು ಗುಣದ ಸಂಕೇತವಾಗಿ, ಗ್ರಂಥವನ್ನು ಓದದವರ ಬಾಯಲ್ಲಿಯೂ ನುಡಿಗಟ್ಟಾಗುವುದು ಎರಡನೆಯದು. ಇಂಗ್ಲಿಷಿನಲ್ಲಿ ಎರಡೂ ನಡೆದಿವೆ: ಅಲ್ಲಿ ತಾಳ್ಮೆಗೆ ಯೋಬನೂ, ವಿವೇಕಕ್ಕೆ ಸೊಲೊಮೋನನೂ, ದ್ರೋಹಕ್ಕೆ ಯೂದನೂ, ಸಂಶಯಕ್ಕೆ ತೋಮನೂ ನಿಂತಿರುವರು. ಕನ್ನಡದಲ್ಲಿಯಾದರೋ ಮೊದಲನೆಯದು ಸಮೃದ್ಧವಾಗಿ ನಡೆದು, ಎರಡನೆಯದು ಬಹುಮಟ್ಟಿಗೆ ನಡೆಯಲೇ ಇಲ್ಲ. ಈ ಭೇದವನ್ನು ಗಮನಿಸದ ಭಾಷಾಂತರವು ಮೂಲಕ್ಕೂ ಕನ್ನಡಕ್ಕೂ ಅನ್ಯಾಯವನ್ನೆಸಗುತ್ತದೆ.

ಈ ಹೆಸರುಗಳು ಕನ್ನಡ ನಾಡಿಗೆ ಒಂದೇ ದಾರಿಯಿಂದ ಬಂದವುಗಳಲ್ಲ. ಇಸ್ಲಾಮಿನೊಡನೆ ಅರಬ್ಬೀ ರೂಪದಲ್ಲಿ ಇಬ್ರಾಹಿಂ, ಯೂಸುಫ್, ದಾವೂದ್, ಸುಲೇಮಾನ್, ಮರಿಯಂ ಎಂಬುವು ಬಂದುವು. ಕಿತಾಬ್-ಇ-ನವರಸ್ ಎಂಬ ಗೀತಸಂಗ್ರಹವನ್ನು ರಚಿಸಿದ ಬಿಜಾಪುರದ ೨ನೆಯ ಇಬ್ರಾಹಿಂ ಆದಿಲಶಾಹನ (ಆಳ್ವಿಕೆ ೧೫೮೦–೧೬೨೭) ಹೆಸರು ಅಬ್ರಹಾಮನದೇ. ಕರಾವಳಿಯ ಕೊಂಕಣಿ ಕಥೋಲಿಕರಲ್ಲಿ ಪೋರ್ಚುಗೀಸ್ ಮೂಲದ ಪೆದ್ರು, ಜುಜೆ ಎಂಬ ರೂಪಗಳು ನಿಂತುವು. ಮೈಸೂರು ಸೀಮೆಯಲ್ಲಿ ೧೭ನೆಯ ಶತಮಾನದ ನಡುವೆ ಜೆಸುಯಿಟ್ ಪಾದ್ರಿಗಳು ಶ್ರೀರಂಗಪಟ್ಟಣದಲ್ಲಿ ನೆಲೆಯೂರಿದರು; ಈ ಸೀಮೆಯ ಕಥೋಲಿಕರಲ್ಲಿ ತಮಿಳು ಸಂಪ್ರದಾಯದ ರಾಯಪ್ಪ, ಚಿನ್ನಪ್ಪ, ಅರುಳಪ್ಪ ಎಂಬ ಹೆಸರುಗಳು ಬಳಕೆಗೊಂಡುವು. ೧೯ನೆಯ ಶತಮಾನದಲ್ಲಿ ಪ್ರಾಟೆಸ್ಟೆಂಟ್ ಭಾಷಾಂತರಕಾರರು ಇದೇ ಮೂವರನ್ನು ಪೇತ್ರ, ಪೌಲ, ಯೋಹಾನ ಎಂದು ಬರೆದರು. ಇಂಗ್ಲಿಷ್ ಶಾಲೆಗಳು ಇವರನ್ನೇ ಪೀಟರ್, ಪಾಲ್, ಜಾನ್ ಎಂದು ಕಲಿಸಿದುವು.

ಇವುಗಳಲ್ಲಿ ತಮಿಳಿನಿಂದ ಬಂದ ಹೆಸರುಗಳ ಗತಿಯು ವಿಶೇಷವಾಗಿ ಪರಿಶೀಲನಾರ್ಹವಾಗಿದೆ. ಯೋಹಾನನೆಂದರೆ ದೇವರ ಕೃಪೆಯನ್ನು ಸೂಚಿಸುವ ಹೀಬ್ರೂ ನಾಮ. ಅದರ ಅರ್ಥವನ್ನು ಹಿಡಿದು ತಮಿಳರು ‘ಅರುಳ್’ ಎಂದರು. ಪೌಲನ ಹೆಸರಿಗೆ ಲ್ಯಾಟಿನ್ನಿನಲ್ಲಿ ‘ಚಿಕ್ಕವನು’ ಎಂದರ್ಥವಾದುದರಿಂದ ಆತನು ಚಿನ್ನಪ್ಪನಾದನು. ಆದರೆ ಕನ್ನಡದ ಕಿವಿಗೆ ‘ಚಿನ್ನ’ವೆಂದರೆ ಬಂಗಾರವೇ ಹೊರತು ಕಿರಿದಲ್ಲ, ‘ರಾಯ’ನೆಂದರೆ ಅರಸು, ಮರಿಯಪ್ಪನೆಂಬಲ್ಲಿ ಕೇಳಿಬರುವುದು ಮರಿಯಳಲ್ಲ, ಕನ್ನಡದ ‘ಮರಿ’ಯೇ. ಹೀಗೆ ಕ್ರೈಸ್ತನಲ್ಲದ ಚಿನ್ನಪ್ಪನೂ ಕ್ರೈಸ್ತನಾದ ಚಿನ್ನಪ್ಪನೂ ಒಂದೇ ಊರಿನಲ್ಲಿ ಹೆಸರಿನ ಭೇದವಿಲ್ಲದೆ ಬಾಳಬಹುದಾಯಿತು. ‘ಅಪ್ಪ’, ‘ಅಮ್ಮ’ ಎಂಬ ಬಂಧುವಾಚಕಗಳು ಸೇರಿ, ಕನ್ನಡಿಗನಿಗೆ ತನ್ನದೇ ಆದೊಂದು ಅರ್ಥವು ಹೊಳೆದಾಗಲೇ ಹೆಸರು ಪೂರ್ಣವಾಗಿ ದೇಶ್ಯವಾಗುವುದೆಂಬುದು ಇದರಿಂದ ವ್ಯಕ್ತವಾಗುತ್ತದೆ. ವ್ಯಕ್ತಿನಾಮಗಳ ನಿಷ್ಪತ್ತಿಯನ್ನು ಹೇಳುವವರು ಈ ಎರಡು ಪದರಗಳನ್ನೂ ನೋಡತಕ್ಕುದು.

ಗ್ರಂಥದ ಅಧಿಕಾರವೊಂದೇ ಹೆಸರನ್ನು ಬಳಕೆಗೆ ತರಲಾರದು. ೧೯೩೩ರಲ್ಲಿ ಅಸ್ತಿಭಾರ ಹಾಕಲ್ಪಟ್ಟ ಮೈಸೂರಿನ ದೊಡ್ಡ ಚರ್ಚಿನ ವಿಧ್ಯುಕ್ತ ನಾಮದಲ್ಲಿ ಸಂತ ಜೋಸೆಫರೂ ಇದ್ದಾರೆ. ಜನರ ಬಾಯಲ್ಲಿ ಉಳಿದುದು ಬೈಬಲಿನಲ್ಲಿಲ್ಲದ ಫಿಲೋಮಿನಾ. ಕೃಷ್ಣರಾಜನಗರ ಸೀಮೆಯ ಡೋರ್ನಹಳ್ಳಿಗೆ ಮತಭೇದವಿಲ್ಲದೆ ಜನರು ಹರಕೆ ಹೊತ್ತು ಬರುವುದು ಸಂತ ಅಂತೋಣಿಯ ಹೆಸರಿನಲ್ಲಿ, ಅದೂ ಬೈಬಲಿನದಲ್ಲ. ಹೆಸರನ್ನು ಉಳಿಸುವುದು ಓದಿಗಿಂತ ಹೆಚ್ಚಾಗಿ ನಂಬಿಕೆ ಮತ್ತು ನಡೆವಳಿಕೆ.

ಇನ್ನು ನುಡಿಗಟ್ಟಿನ ವಿಚಾರ. ಭಗೀರಥಪ್ರಯತ್ನ, ಕುಂಭಕರ್ಣನ ನಿದ್ದೆ, ಭೀಷ್ಮಪ್ರತಿಜ್ಞೆ ಎಂದು ಆಡುವ ಭಾಷೆಯಲ್ಲಿ ಬೈಬಲಿನವರಿಗೆ ಪೀಠವು ತೆರವಾಗಿರಲಿಲ್ಲ. ದ್ರೋಹಿಯ ಪೀಠಕ್ಕೆ ಸಹ, ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಬಳಿಕ, ಮೀರ್ ಸಾದಿಕನ ಹೆಸರು ಬಂದು ಕುಳಿತಿತು. ಕ್ರಿಸ್ತಶಕವೆಂಬಲ್ಲಿ ಒಂದು ಹೆಸರು ಮತಾತೀತವಾಗಿ ದಿನಬಳಕೆಗೆ ಬಂದಿದೆಯೆನ್ನಬಹುದು. ಆದರೆ ಅದು ಅಭಿಷಿಕ್ತನೆಂಬ ಅರ್ಥದ ಬಿರುದೇ ಹೊರತು ಜನ್ಮನಾಮವಲ್ಲ. ಪತ್ರಿಕೆಗಳಲ್ಲಿ ಕಾಣುವ ಡೇವಿಡ್–ಗೋಲಿಯತ್ತರ ಕಾಳಗವು ಇಂಗ್ಲಿಷಿನ ಛಾಯೆ; ಆ ಡೇವಿಡನೇ ಕನ್ನಡ ಬೈಬಲಿನ ದಾವೀದನೆಂದೂ, ನೆರೆಮನೆಯ ದಾವೂದನ ಹೆಸರೂ ಅದೇ ಎಂದೂ ಎಷ್ಟೋ ಓದುಗರಿಗೆ ಹೊಳೆಯುವುದಿಲ್ಲ.

ಪೀಠವು ತುಂಬಿದೆಯೆಂದು ಭಾಷಾಂತರಕಾರನು ಒಬ್ಬನ ಸ್ಥಾನದಲ್ಲಿ ಮತ್ತೊಬ್ಬನನ್ನು ಕೂರಿಸಬಹುದೆ? ಬಿ. ಎಂ. ಶ್ರೀಕಂಠಯ್ಯನವರು ಸೊಫೊಕ್ಲಿಸನ ಏಜಾಕ್ಸನನ್ನು ಅಶ್ವತ್ಥಾಮನನ್ನಾಗಿಸಿದುದು ಸಮಗ್ರ ರೂಪಾಂತರ; ಅಲ್ಲಿ ಕಥೆಯ ಲೋಕವೇ ಬದಲಾಗಿದೆ. ಒಂದು ವಾಕ್ಯದಲ್ಲಿ ಬರುವ ಯೋಬನನ್ನು ಹರಿಶ್ಚಂದ್ರನೆಂದು ಬರೆಯುವುದು ಬೇರೆಯ ಮಾತು. ಇಬ್ಬರೂ ಮೇಲಿನವರ ವಾದದ ನಿಮಿತ್ತವಾಗಿ ಸರ್ವಸ್ವವನ್ನೂ ಕಳೆದುಕೊಂಡವರೆಂಬುದು ನಿಜ. ಆದರೆ ಹರಿಶ್ಚಂದ್ರನ ಹಿರಿಮೆಯು ಸತ್ಯದ್ದು. ಯೋಬನಾದರೋ ಹುಟ್ಟಿದ ದಿನವನ್ನು ಶಪಿಸಿ, ತನಗೇಕೆ ಈ ದುಃಖವೆಂದು ದೇವರನ್ನೇ ಪ್ರಶ್ನಿಸಿದವನು. ಇಂಗ್ಲಿಷಿನ ನುಡಿಗಟ್ಟೂ ಆತನ ಆಕ್ರೋಶವನ್ನು ಮರೆತು ತಾಳ್ಮೆಯೊಂದನ್ನೇ ಉಳಿಸಿಕೊಂಡಿದೆ. ಹೆಸರನ್ನು ಬದಲಿಸಿದರೆ, ಆ ಆಕ್ರೋಶವನ್ನು ಹುಡುಕಿ ಹೋಗುವ ದಾರಿಯೇ ಓದುಗನಿಗೆ ಮುಚ್ಚಿಹೋಗುತ್ತದೆ.

ಆದುದರಿಂದ ಹೆಸರನ್ನು ಹಾಗೆಯೇ ಉಳಿಸಿ, ಕನ್ನಡ ಬೈಬಲಿನ ರೂಪದಲ್ಲಿ ಬರೆದು, ಅದರ ಗುಣವನ್ನು ಪಕ್ಕದ ಒಂದು ವಿಶೇಷಣದಿಂದ ತಿಳಿಸುವುದೇ ಯುಕ್ತ. ನಾಡಿನ ಸಾವಿರಾರು ಮನೆಗಳಲ್ಲಿ ದಿನವೂ ಕರೆಯಲ್ಪಡುವ ಹೆಸರುಗಳು ಸಾಹಿತ್ಯದಲ್ಲಿ ಪರಕೀಯವಾಗಿ ಉಳಿಯಬೇಕಾದುದಿಲ್ಲ. ಚಿನ್ನಪ್ಪನನ್ನು ತನ್ನವನನ್ನಾಗಿ ಮಾಡಿಕೊಂಡ ಭಾಷೆಗೆ ಯೋಬನು ಭಾರವಾಗಲಾರನು.