ವಾಲ್ವು ಬದಲಿಸಿದರೆ ರಾಗ ಬದಲಾದೀತೆ?

ಮೂವತ್ತು ವರ್ಷದಿಂದ ಮಕ್ಕಳ ಪ್ರಬಂಧ ತಿದ್ದುತ್ತಾ ಬಂದವಳಿಗೆ ವಿಶೇಷಣಗಳನ್ನು ಕಂಡರೆ ಒಂದು ಬಗೆಯ ಅನುಮಾನ ಬಂದುಬಿಡುತ್ತದೆ. ಪ್ರವಾಸ ಹೋಗಿ ಬಂದ ಹುಡುಗ 'ಅತ್ಯಂತ ರಮಣೀಯವಾದ ದೃಶ್ಯ' ಎಂದು ಬರೆದರೆ ಅವನು ಏನನ್ನೂ ನೋಡಿಲ್ಲವೆಂದೇ ಅರ್ಥ. ನೋಡಿದವನು 'ಬಂಡೆ ಜಾರುತ್ತಿತ್ತು, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೆವು' ಎಂದು ಬರೆಯುತ್ತಾನೆ. ಈ ಅಳತೆಗೋಲನ್ನೇ ನಾನೀಗ ಒಂದು ವಿಚಿತ್ರ ವಸ್ತುವಿನ ಮೇಲೆ ಇಟ್ಟು ನೋಡಲು ಹೊರಟಿದ್ದೇನೆ. ಅದು ನನ್ನ ತಮ್ಮ ಕೈಯಾರೆ ಜೋಡಿಸಿ, ಹೊಂಗನೂರಿನ ನಮ್ಮ ಮನೆಯ ಮೇಜಿನ ಮೇಲೆ ತಂದಿಟ್ಟಿರುವ ವಾಲ್ವ್ ಆಂಪ್ಲಿಫೈಯರ್. ಜೊತೆಗೆ, ಅದರ ವಾಲ್ವುಗಳನ್ನು ಮತ್ತೆ ಮತ್ತೆ ಬದಲಿಸಿ ಧ್ವನಿಯನ್ನು 'ಮೇಲ್ದರ್ಜೆಗೆ ಏರಿಸುವ' ಅವನ ಹವ್ಯಾಸ.

ಟ್ರಾನ್ಸಿಸ್ಟರ್ ಬರುವುದಕ್ಕೆ ಮುಂಚಿನ ದೊಡ್ಡ ರೇಡಿಯೋಗಳನ್ನು ನಿಮ್ಮಲ್ಲಿ ಕೆಲವರಾದರೂ ತವರುಮನೆಯಲ್ಲಿ ಕಂಡಿರಬಹುದು. ಕಿವಿ ತಿರುಗಿಸಿದೊಡನೆ ಅದು ಹಾಡುತ್ತಿರಲಿಲ್ಲ. ಒಳಗಿನ ಗಾಜಿನ ಬುರುಡೆಗಳು ಕಾದು ಕೆಂಪಗಾಗುವ ತನಕ ಕಾಯಬೇಕಿತ್ತು. ಅವೇ ವಾಲ್ವುಗಳು. ಗಾಳಿ ತೆಗೆದ ಗಾಜಿನೊಳಗೆ ಕಾದ ಲೋಹದಿಂದ ಎಲೆಕ್ಟ್ರಾನುಗಳು ಹೊರಟು ಎದುರಿನ ತಗಡಿಗೆ ಹರಿಯುತ್ತವೆ. ನಡುವೆ ಸಣ್ಣ ತಂತಿಯ ಜಾಲರಿಯೊಂದಿದೆ. ಆ ಜಾಲರಿಗೆ ಸಂಗೀತದ ಕ್ಷೀಣ ವಿದ್ಯುತ್ತನ್ನು ಕೊಟ್ಟರೆ, ದೊಡ್ಡ ಹರಿವು ಅದರಂತೆಯೇ ಹಿಗ್ಗಿ ಕುಗ್ಗುತ್ತದೆ. ಕೆರೆಯ ತೂಬು ನೋಡಿದವರಿಗೆ ಇದು ಹೊಸ ಸಂಗತಿಯಲ್ಲ. ನೀರುಗಂಟಿಯ ಕೈ ಒಂದಿಷ್ಟು ಅಲುಗಿದರೆ ಕಾಲುವೆಯ ನೀರೆಲ್ಲ ಏರಿಳಿಯುತ್ತದೆ. ಅಮೆರಿಕದ ಲೀ ಡಿ ಫಾರೆಸ್ಟ್ 1906ರ ಸುಮಾರಿಗೆ ಆ ಜಾಲರಿಯನ್ನು ಸೇರಿಸಿದ ಮೇಲೆಯೇ ರೇಡಿಯೋ, ದೂರದ ಟೆಲಿಫೋನು, ಬೋಲುಪಟ ಎಲ್ಲವೂ ಗಟ್ಟಿಯಾಗಿ ಮಾತಾಡಲು ಕಲಿತದ್ದು.

ತಮ್ಮ ತರಿಸಿದ್ದು ಅಮೆರಿಕದ ಬಾಟಲ್‌ಹೆಡ್ ಸಂಸ್ಥೆಯ 'ಕ್ರ್ಯಾಕ್' ಎಂಬ ಕಿಟ್. ಡಬ್ಬದಲ್ಲಿ ಬರುವುದು ಬಿಡಿಭಾಗಗಳು ಮಾತ್ರ. ಬೆಸುಗೆ ಹಾಕುವುದೆಲ್ಲ ಕೊಂಡವರ ಪಾಲು. ಅದರಲ್ಲಿರುವ ವಾಲ್ವುಗಳು ಎರಡೇ. ಚಿಕ್ಕದು 12ಎಯು7, ದಪ್ಪನೆಯದು 6080. ಚಿಕ್ಕದು ಧ್ವನಿಯನ್ನು ಹಿಗ್ಗಿಸುತ್ತದೆ, ದಪ್ಪನೆಯದು ಹೆಡ್‌ಫೋನಿಗೆ ಬೇಕಾದ ಬಲ ಕೊಡುತ್ತದೆ. 6080 ಹುಟ್ಟಿದ್ದು ಸಂಗೀತಕ್ಕಲ್ಲ, ಯಂತ್ರಗಳ ವೋಲ್ಟೇಜನ್ನು ಹದದಲ್ಲಿಡುವ ಕೂಲಿ ಕೆಲಸಕ್ಕೆ. ಕಾಯುವುದಕ್ಕೇ ಅದು 6.3 ವೋಲ್ಟಿನಲ್ಲಿ ಎರಡೂವರೆ ಆಂಪಿಯರ್ ನುಂಗುತ್ತದೆ. ಚಳಿಗಾಲದ ರಾತ್ರಿ ಅದರ ಪಕ್ಕದಲ್ಲಿ ಅಂಗೈ ಹಿಡಿದರೆ ಹಿತವಾಗಿರುತ್ತದೆ. ಆದರೆ ಮುಟ್ಟಬೇಡಿ. ಪೆಟ್ಟಿಗೆಯ ಅಡಿಯಲ್ಲಂತೂ ನೂರೈವತ್ತು ವೋಲ್ಟಿಗೂ ಹೆಚ್ಚು ಹರಿಯುತ್ತಿರುತ್ತದೆ. ಸ್ವಿಚ್ ತೆಗೆದ ಮೇಲೂ ಕೆಪಾಸಿಟರುಗಳಲ್ಲಿ ಸ್ವಲ್ಪ ಹೊತ್ತು ಅದು ಉಳಿದಿರಬಹುದು. ಧ್ವನಿ ಏರಿಸಿ ಇಳಿಸುವ ಗುಬಟನ್ನು ಮಾತ್ರ ಚನ್ನಪಟ್ಟಣದಲ್ಲಿ ಹಾಲೆ ಮರದಿಂದ ಕಡೆಸಿ, ಅರಗು ಹಚ್ಚಿ, ತಾಳೆಗರಿಯಿಂದ ಉಜ್ಜಿಸಿ ಹಾಕಿದ್ದೇವೆ. ಇಡೀ ಯಂತ್ರದಲ್ಲಿ ನನ್ನ ಬೆರಳಿಗೆ ತಾಗುವುದು ಅದೊಂದೇ. ಈ ಬದಲಾವಣೆಯಿಂದ ಧ್ವನಿ ಸುಧಾರಿಸಿತೆಂದು ತಮ್ಮನೂ ಹೇಳಿಲ್ಲ, ಪುಣ್ಯ.

ವಾಲ್ವುಗಳ ಹೆಸರಿನಲ್ಲಿ ಒಳ್ಳೆಯ ವ್ಯಾಕರಣವಿದೆ. ಅಮೆರಿಕದವರು 12ಎಯು7 ಎನ್ನುವುದನ್ನೇ ಯೂರೋಪಿನವರು ಇಸಿಸಿ82 ಎನ್ನುತ್ತಾರೆ. ಇ ಎಂದರೆ 6.3 ವೋಲ್ಟಿನಲ್ಲಿ ಕಾಯುವಂಥದ್ದು, ಸಿ ಎಂದರೆ ಮೂರು ಅಂಗಗಳ ವಾಲ್ವು, ಸಿಸಿ ಎಂದರೆ ಒಂದೇ ಗಾಜಿನಲ್ಲಿ ಅಂಥ ಎರಡು, ಎಂಟು ಎಂದರೆ ಒಂಬತ್ತು ಕಡ್ಡಿಯ ಪೀಠ. ಸಮಾಸ ಬಿಡಿಸಿದಷ್ಟು ಸಲೀಸು. ಇಸಿಸಿ83 ಕೂಡ ಅದೇ ಪೀಠದಲ್ಲಿ ಕೂರುತ್ತದೆ. ಆದರೆ 82 ಸುಮಾರು ಇಪ್ಪತ್ತು ಪಟ್ಟು ಹಿಗ್ಗಿಸಬಲ್ಲದಾದರೆ 83 ನೂರು ಪಟ್ಟು; ಅದಕ್ಕೆ ಬೇಕಾದ ವ್ಯವಸ್ಥೆ ಈ ಯಂತ್ರದಲ್ಲಿಲ್ಲ. ಕೂರುವುದು ಬೇರೆ, ಹೊಂದುವುದು ಬೇರೆ.

ಈಗ ನಮ್ಮ ನಾಡಿನ ಮಾತಿಗೆ ಬರುತ್ತೇನೆ. 1954ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಶುರುವಾದ ಭಾರತ್ ಎಲೆಕ್ಟ್ರಾನಿಕ್ಸ್, ಅಂದರೆ ನಾವೆಲ್ಲ ಬಿ.ಇ.ಎಲ್. ಎನ್ನುವ ಕಾರ್ಖಾನೆ, 1961ರಲ್ಲಿ ರೇಡಿಯೋ ವಾಲ್ವುಗಳನ್ನು ತಯಾರಿಸಲು ತೊಡಗಿತು. ಹೊಂಗನೂರಿನಿಂದ ಬಸ್ಸಿನಲ್ಲಿ ಅರ್ಧ ದಿನಕ್ಕೂ ಕಡಿಮೆ ದೂರದಲ್ಲಿ ತಯಾರಾದ ಆ ವಾಲ್ವುಗಳನ್ನು ಈಗ ಯೂರೋಪು, ಅಮೆರಿಕದ ಹವ್ಯಾಸಿಗಳು ಹುಡುಕಿ ಕೊಳ್ಳುತ್ತಾರೆ. ಕಾರ್ಖಾನೆ ಅವುಗಳ ತಯಾರಿಕೆಯನ್ನು ಎಂದೋ ನಿಲ್ಲಿಸಿದೆ. ಹಳೆಯ ಅಂಗಡಿಗಳ ಅಟ್ಟದಲ್ಲಿ ಉಳಿದಿರುವಷ್ಟೇ ಲೆಕ್ಕ. ಹೊಸ ವಾಲ್ವುಗಳು ಬರುವುದು ಮುಖ್ಯವಾಗಿ ರಷ್ಯ, ಸ್ಲೊವಾಕಿಯ, ಚೀನಗಳಿಂದ. 2022ರ ಮಾರ್ಚಿನಲ್ಲಿ ರಷ್ಯ ರಫ್ತು ತಡೆದಾಗ ಜಗತ್ತಿನ ಗಿಟಾರ್ ವಾದಕರೆಲ್ಲ ಗಾಬರಿಯಾದರು. ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್‌ನಲ್ಲಿದ್ದ ಮುಲ್ಲಾರ್ಡ್ ಕಾರ್ಖಾನೆಯ ಬಗ್ಗೆ 1960ರ ದಶಕದಲ್ಲಿ ತೆಗೆದ ಚಿತ್ರವೊಂದಿದೆ. ಅದರಲ್ಲಿ ಸಾಲು ಸಾಲಾಗಿ ಕುಳಿತ ಹೆಂಗಸರು ಕೂದಲೆಳೆಯಂಥ ತಂತಿಗಳನ್ನು ಚಿಮಟದಲ್ಲಿ ಹಿಡಿದು ಕೂರಿಸುತ್ತಾರೆ. ವಾಲ್ವಿನ ಗುಣವನ್ನು ಹೊಗಳಿ ಪುಟಗಟ್ಟಲೆ ಬರೆಯುವವರು ಬಹುಪಾಲು ಗಂಡಸರು. ಅವರ ಬರಹದಲ್ಲಿ ಈ ಬೆರಳುಗಳು ಬರುವುದು ತೀರ ಅಪರೂಪ.

ತಮ್ಮ ಒಂದು ನೋಟ್‌ಬುಕ್ ಇಟ್ಟಿದ್ದಾನೆ. ನನ್ನ ತಕರಾರು ಶುರುವಾದದ್ದೇ ಅಲ್ಲಿ. ಬಿ.ಇ.ಎಲ್. ವಾಲ್ವಿನ ಮುಂದೆ 'ಬೆಚ್ಚಗಿನ ಧ್ವನಿ, ಬೆಲ್ಲದ ಪಾಕ' ಎಂದಿದೆ. ಸ್ಲೊವಾಕಿಯದ್ದಕ್ಕೆ 'ಚುರುಕು, ಕೊಂಚ ಒರಟು'. ಪೀಠದಡಿಯಲ್ಲಿ ವಜ್ರದ ಗುರುತಿರುವ ಜರ್ಮನಿಯ ಟೆಲಿಫುಂಕೆನ್‌ಗೆ 'ರೇಷ್ಮೆ, ಪಾರದರ್ಶಕ, ರಾಜಗಾಂಭೀರ್ಯ'. ಇವುಗಳ ಬೆಲೆಯನ್ನೂ ಪಕ್ಕದಲ್ಲೇ ಬರೆದಿದ್ದ. ಬಿ.ಇ.ಎಲ್.ಗೆ 800 ರೂಪಾಯಿ, ಟೆಲಿಫುಂಕೆನ್‌ಗೆ 14,000. ವಿಶೇಷಣಗಳನ್ನೂ ಬೆಲೆಯನ್ನೂ ಒಟ್ಟಿಗೆ ಓದಿದಾಗ ನನಗೆ ಹೊಳೆದದ್ದು ಇಷ್ಟೇ: ಬೆಲೆ ಏರಿದಂತೆ ಪದಗಳು ಅಡುಗೆಮನೆಯಿಂದ ಅರಮನೆಗೆ ಹೋಗಿವೆ. ಅಗ್ಗದ ವಾಲ್ವಿಗೆ ಬೆಲ್ಲ, ದುಬಾರಿಯದಕ್ಕೆ ರೇಷ್ಮೆ. ಕಿವಿ ಬರೆಸಿದ ಮಾತೋ ಇದು, ರಸೀದಿ ಬರೆಸಿದ್ದೋ?

"ನಿನಗೆ ಕೇಳಿಸಲ್ವಾ ಅಕ್ಕ?" ಎಂದ.

"ಕೇಳಿಸುತ್ತೋ ಇಲ್ಲವೋ ಪರೀಕ್ಷೆ ಇಡೋಣ ಕಣೋ. ಅದು ನನ್ನ ಕಸುಬು" ಎಂದೆ.

ಪರೀಕ್ಷೆಗೆ ಎರಡು ನಿಯಮ ಮಾಡಿದೆ. ಒಂದು, ಯಾವ ವಾಲ್ವು ಹಾಕಿದೆಯೆಂದು ಕೇಳುವವರಿಗೆ ಕಾಣಬಾರದು. ಮುಂದೆ ಒಂದು ಟವೆಲ್ ಅಡ್ಡ ಕಟ್ಟಿದೆವು. ಎರಡು, ಪ್ರತಿಸಲವೂ ಧ್ವನಿಯ ಮಟ್ಟ ಒಂದೇ ಇರಬೇಕು. ಹೆಡ್‌ಫೋನ್ ಸಿಕ್ಕಿಸುವ ಜಾಗದಲ್ಲಿ ಮಲ್ಟಿಮೀಟರ್ ಹಿಡಿದು ಗುಬಟನ್ನು ಸರಿಮಾಡಬೇಕು. ಈ ಎರಡನೆಯದು ಬಹಳ ಮುಖ್ಯ. ಒಂದು ವಾಲ್ವು ಇನ್ನೊಂದಕ್ಕಿಂತ ಚೂರು ಹೆಚ್ಚು ಹಿಗ್ಗಿಸಿದರೂ ಧ್ವನಿ ಚೂರು ದೊಡ್ಡದಾಗುತ್ತದೆ. ಮನುಷ್ಯರ ಕಿವಿ ಆ ಚೂರನ್ನು 'ದೊಡ್ಡದು' ಎನ್ನದೆ 'ಸ್ಪಷ್ಟ', 'ತುಂಬಿದ್ದು', 'ಜೀವಂತ' ಎಂದುಬಿಡುತ್ತದೆ. ಮಟ್ಟ ಸರಿಮಾಡುವ ಮುಂಚೆ ತಮ್ಮನೂ ಅವನ ಮಗಳೂ ಸ್ವಲ್ಪ ಗಟ್ಟಿಯಾಗಿ ಕೇಳಿಸಿದ್ದನ್ನೇ ಪ್ರತಿಸಲ ಉತ್ತಮವೆಂದರು. ಸರಿಮಾಡಿದ ಮೇಲೆ ಬಿ.ಇ.ಎಲ್. ಮತ್ತು ಟೆಲಿಫುಂಕೆನ್‌ಗಳನ್ನು ಹತ್ತು ಸಲ ಅದಲು ಬದಲು ಮಾಡಿದೆವು. ಹತ್ತರಲ್ಲಿ ನಾನು ಸರಿಯಾಗಿ ಗುರುತಿಸಿದ್ದು ಐದು, ತಮ್ಮ ಐದು, ಹದಿಮೂರರ ಹುಡುಗಿ ಆರು. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು.

ಹುಡುಗಿಯನ್ನು ಸೇರಿಸಿಕೊಂಡದ್ದಕ್ಕೆ ಕಾರಣವಿದೆ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ತೀರ ಎತ್ತರದ ನಾದಗಳನ್ನು. ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರು ಒಮ್ಮೆ ಎಂಟನೇ ತರಗತಿಯಲ್ಲಿ 15,000 ಹರ್ಟ್ಸಿನ ನಾದ ಹಾಕಿದರು. ಮಕ್ಕಳೆಲ್ಲ ಕಿವಿ ಮುಚ್ಚಿಕೊಂಡು ಕಿರುಚಿದರು. ಹಿಂದೆ ನಿಂತಿದ್ದ ನನಗೆ ಕೇಳಿಸಿದ್ದು ಫ್ಯಾನಿನ ಸದ್ದು ಮಾತ್ರ. ಐವತ್ತು ದಾಟಿದ ನಾವು 'ಮೇಲಿನ ಸ್ಥಾಯಿಯ ಗಾಳಿಯಂಥ ಹಗುರತನ'ದ ಬಗ್ಗೆ ತೀರ್ಪು ಕೊಡುವುದಕ್ಕೆ ಕೂತರೆ ಈ ತರಗತಿಯನ್ನು ನೆನೆಯುವುದು ಒಳ್ಳೆಯದು. ಹಾಗೆಂದು ನನಗೆ ಸಂಗೀತ ಕೇಳುವ ಹಕ್ಕು ಹೋಯಿತೆಂದಲ್ಲ. ಗಂಗೂಬಾಯಿ ಹಾನಗಲ್ಲರ ಕಂಠದ ತೂಕವಿರುವುದೆಲ್ಲ ತಗ್ಗಿನಲ್ಲಿ. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ದಪ್ಪಗಾದ ಆ ದನಿಯ ಒಂದೆಳೆಯೂ ಇನ್ನೂ ನನ್ನ ಕೈತಪ್ಪಿಲ್ಲ. ಎಷ್ಟು ವರ್ಷ ಹೀಗಿರುತ್ತದೋ ಗೊತ್ತಿಲ್ಲ. ಅದಕ್ಕೇ ನನಗೆ ಆತುರ.

ವಾಲ್ವು ಬದಲಿಸಿದರೆ ಏನೂ ಆಗದು ಎನ್ನುವುದು ನನ್ನ ವಾದವಲ್ಲ. ಒಂದು ಅಂಗಡಿಯಿಂದ ತಂದ ಇನ್ನೊಂದು ಇಸಿಸಿ82 ಅನ್ನು ಹುಡುಗಿ ಹತ್ತಕ್ಕೆ ಹತ್ತೂ ಸಲ ಹಿಡಿದಳು. "ಅತ್ತೆ, ಇದರೊಳಗೆ ಗಂಟೆ ಇದೆ" ಎಂದಳು. ನಿಜ. ಮೇಜು ಮುಟ್ಟಿದರೆ ಸಾಕು, ಒಳಗಿನ ಸಡಿಲ ಅಂಗಗಳು ಅದುರಿ ಕಿವಿಯಲ್ಲಿ ಟಿಣ್ ಎನ್ನುತ್ತಿತ್ತು. ಮತ್ತೊಂದರಲ್ಲಿ ಎರಡು ಭಾಗಗಳು ಸಮವಿಲ್ಲ. ಈ ಯಂತ್ರದಲ್ಲಿ ಒಂದು ಭಾಗ ಎಡಕಿವಿಗೆ, ಇನ್ನೊಂದು ಬಲಕಿವಿಗೆ ಕೆಲಸ ಮಾಡುತ್ತದೆ. ಹಾಗಾಗಿ ನಡುವೆ ಕೂತು ಹಾಡಬೇಕಾದ ಗಾಯಕಿ ಬಲಕ್ಕೆ ಸರಿದು ಕೂತರು. ಇಂಥ ವಾಲ್ವುಗಳನ್ನು ಬದಲಿಸಲೇಬೇಕು. ಗಾಜಿನ ತುದಿಯಲ್ಲಿ ಬೆಳ್ಳಿಯಂತೆ ಹೊಳೆಯುವ ಲೇಪ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಒಳಗೆ ಗಾಳಿ ಹೊಕ್ಕಿದೆ ಎಂದರ್ಥ. ಅದನ್ನು ಕಸಕ್ಕೆ ಹಾಕಬೇಕು. ಇವೆಲ್ಲ ದೋಷಗಳು, ಇವಕ್ಕೆ ನೇರ ಹೆಸರುಗಳಿವೆ. ಜೇನು, ರೇಷ್ಮೆ ಬೇಕಾಗುವುದು ಹೆಸರಿಡಲು ಏನೂ ಸಿಕ್ಕದಿದ್ದಾಗ.

ಇನ್ನು ಹೆಡ್‌ಫೋನ್. ಈ ಯಂತ್ರದ ಹೊರದಾರಿಯಲ್ಲಿ ಟ್ರಾನ್ಸ್‌ಫಾರ್ಮರ್ ಇಲ್ಲವಾದ್ದರಿಂದ ಇದಕ್ಕೆ 300 ಓಮಿನಂಥ ಹೆಚ್ಚು ತಡೆಯ ಹೆಡ್‌ಫೋನೇ ಹೊಂದುತ್ತದೆ. ನನ್ನ ಮೊಬೈಲಿನ ಜೊತೆ ಬಂದ ಸಣ್ಣದನ್ನು ಹಾಕಿ ನೋಡಿದೆ. ಮೃದಂಗದ ಎಡಭಾಗ ಒದ್ದೆ ಬಟ್ಟೆ ಬಡಿದಂತಾಯಿತು. ಟವೆಲ್ ಅಡ್ಡ ಕಟ್ಟುವ ಅಗತ್ಯವೇ ಇರಲಿಲ್ಲ. ನಮ್ಮೂರಿನ ಕರೆಂಟು ಇನ್ನೊಂದು. ಸಂಜೆ ಪಂಪ್‌ಸೆಟ್ಟುಗಳೆಲ್ಲ ಓಡುವಾಗ ಮೀಟರ್ 200ರ ಆಸುಪಾಸು ತೋರಿಸುತ್ತದೆ, ನಡುರಾತ್ರಿ 240 ದಾಟುತ್ತದೆ. ವಾಲ್ವಿನ ಕಾವು ಅದರ ಜೊತೆಗೇ ಏರಿಳಿಯುತ್ತದೆ. ಹದಿನಾಲ್ಕು ಸಾವಿರದ ಗಾಜು ಕೂರಿಸುವ ಮೊದಲು ಒಂದು ಸ್ಟೆಬಿಲೈಸರ್ ತರಬಹುದಿತ್ತಲ್ಲ?

ಚನ್ನಪಟ್ಟಣವೆಂದರೆ ಎಲ್ಲರಿಗೂ ಗೊಂಬೆ ನೆನಪಾಗುತ್ತದೆ. ನೂರು ವರ್ಷಕ್ಕೂ ಹಿಂದಿನ ಗೆಜೆಟಿಯರುಗಳು ವಾದ್ಯಗಳಿಗೆ ಬೇಕಾದ ನಯವಾದ ಉಕ್ಕಿನ ತಂತಿಗೂ ಈ ಊರು ಹೆಸರುವಾಸಿ ಎಂದು ಬರೆದಿವೆ. ವೈಣಿಕರು ತಂತಿ ಬದಲಿಸುತ್ತಾರೆ, ತುಕ್ಕು ಹಿಡಿದಾಗ, ಶ್ರುತಿ ನಿಲ್ಲದಾದಾಗ. ತಂತಿಗಳಲ್ಲಿ ವ್ಯತ್ಯಾಸವಿಲ್ಲ ಎಂದು ಅವರಾರೂ ಹೇಳರು. ಆದರೆ ತಂತಿ ಬದಲಿಸಿ ಶ್ರುತಿ ಮಾಡಿದ ಮೇಲೆ ಅವರು ನುಡಿಸುತ್ತಾರೆ. ನನ್ನ ತಮ್ಮ ಹಾಗೆ ಮಾಡಲಿಲ್ಲ. ಅವನ ಪರೀಕ್ಷೆಯ ತುಣುಕು ವೀಣೆ ದೊರೆಸ್ವಾಮಿ ಅಯ್ಯಂಗಾರ್ಯರ ತಾನದ ಮೂವತ್ತು ಸೆಕೆಂಡು. ಮೈಸೂರು ಬಾನಿಯನ್ನು ಒಂದು ಜೀವಮಾನವಿಡೀ ಸಾಧಿಸಿದವರ ತಾನ ಅದು. ಒಂದು ಸಂಜೆಯಲ್ಲಿ ಹನ್ನೆರಡು ಸಲ ಹಾಕಿದ. ರಾಗ ಯಾವುದೆಂದು ಕೇಳಿದರೆ ನೋಟ್‌ಬುಕ್ ತಿರುವಿದ. ಈ ಹವ್ಯಾಸದ ಮೇಲೆ ನನ್ನ ನಿಜವಾದ ಆಕ್ಷೇಪ ಇದು, ದುಡ್ಡಿನದಲ್ಲ. ಯಂತ್ರ ಸಂಗೀತಕ್ಕಾಗಿ ಇರಬೇಕಾದ ಕಡೆ, ಸಂಗೀತವೇ ಯಂತ್ರದ ಒರೆಗಲ್ಲಾಗಿ ಕೂತಿದೆ.

ಅವನಿಗೆ ಆ ಸೌಕರ್ಯವಿದೆ ಅನ್ನಿ. ಹೆಡ್‌ಫೋನ್ ಹಾಕಿಕೊಂಡ ಗಂಡಸು 'ಏನೋ ಕೆಲಸದಲ್ಲಿದ್ದಾನೆ'. ಹಾಕಿಕೊಂಡ ಹೆಂಗಸು 'ಕರೆದರೆ ಓಗೊಡುವುದಿಲ್ಲ'. ಕುಕ್ಕರಿನ ಸೀಟಿ, ಬಾಗಿಲ ಗಂಟೆ, ಒಳಗೆ ಮಲಗಿರುವ ಅತ್ತೆಯವರ ಕೆಮ್ಮು, ಇವಿಷ್ಟಕ್ಕೂ ಎರಡು ಕಿವಿ ತೆರೆದೇ ಇಟ್ಟುಕೊಂಡು ದಿನ ಕಳೆದವಳಿಗೆ ಪಾತ್ರೆ ತೊಳೆದಾದ ಮೇಲಿನ ನಲವತ್ತು ನಿಮಿಷ ಸಿಕ್ಕರೆ ಅದರಲ್ಲಿ ವಾಲ್ವು ತಣ್ಣಗಾಗಲಿ ಎಂದು ಕಾಯುವ ಬಾಬತ್ತು ಇರಕೂಡದು. ಒಂದು ರಾಗವನ್ನು ಆಲಾಪದಿಂದ ಹಿಡಿದು ಕೊನೆಯ ತನಕ ಕೇಳುವುದಕ್ಕೆ ಅಷ್ಟು ಹೊತ್ತು ಬೇಕೇ ಬೇಕು.

ಈಗ ಯಂತ್ರದಲ್ಲಿರುವುದು ಬಿ.ಇ.ಎಲ್. ವಾಲ್ವು. ಟೆಲಿಫುಂಕೆನ್ ಡಬ್ಬದೊಳಗಿದೆ, ಅದನ್ನು ಮಾರುವುದೋ ಬಿಡುವುದೋ ಅವನಿಗೆ ಬಿಟ್ಟದ್ದು. ದಸರೆ ರಜೆಗೆ ಬಂದಾಗ ಸ್ಪೀಡ್‌ಬಾಲ್ ಎಂಬ ಸಣ್ಣ ಹಲಗೆಯೊಂದನ್ನು ಒಳಗೆ ಕೂರಿಸುತ್ತೇನೆ ಎಂದಿದ್ದಾನೆ. ಅದು ವಾಲ್ವಿಗೆ ಆಸರೆಯಾಗಿರುವ ರೆಸಿಸ್ಟರುಗಳ ಜಾಗದಲ್ಲಿ ಕೂತು, ಏನೇ ಬಂದರೂ ಒಂದೇ ಪ್ರಮಾಣದ ವಿದ್ಯುತ್ತು ಹರಿಯುವಂತೆ ನೋಡಿಕೊಳ್ಳುತ್ತದಂತೆ. ಅದರಿಂದ ಧ್ವನಿಯ ವಿಕಾರ ಕಡಿಮೆಯಾಗುತ್ತದಂತೆ. ವಿವರಿಸುವಾಗ ಅವನು ಬೆಲ್ಲ, ರೇಷ್ಮೆ ಯಾವುದನ್ನೂ ತರಲಿಲ್ಲ. ಒಪ್ಪಿಕೊಂಡೆ. ಕೂರಿಸುವ ಕೆಲಸ ಹಗಲಲ್ಲೇ ಮುಗಿಯಬೇಕೆಂದು ಮಾತ್ರ ಹೇಳಿದ್ದೇನೆ.